ದುಡ್ಡು ಕೊಟ್ಟವರಿಗೇ ಬೀಗ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಕಂಪ್ಯೂಟರ್ ಗೇಮ್‌ಗಳ ಬಗ್ಗೆ ಮಾತಾಡೋಣ. ಗೇಮ್ ಆಡುವುದು ಹೇಗೆ ಅಂತಲ್ಲ. ಗೇಮ್‌ಗಳನ್ನು ಯಾರೂ ನಕಲು ಮಾಡಬಾರದು ಅಂತ ಕಂಪನಿಗಳು ಹಾಕುತ್ತವಲ್ಲ, ಆ ಬೀಗದ ಬಗ್ಗೆ. ಅದು ಯಾರನ್ನು ತಡೆಯುತ್ತದೆ, ಯಾರನ್ನು ಕಾಡುತ್ತದೆ ಅನ್ನುವುದೇ ನನ್ನ ಪ್ರಶ್ನೆ. ಮಕ್ಕಳಿಗೆ ಗೇಮ್ ಕೊಡಿಸುವ ಅಪ್ಪ ಅಮ್ಮಂದಿರೂ ಇದನ್ನು ಕೇಳಬೇಕು. ದುಡ್ಡು ಹೋಗುವುದು ಅವರ ಜೇಬಿನಿಂದ ತಾನೆ.

2008ರ ಸೆಪ್ಟೆಂಬರ್. ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್, ಅಂದರೆ ಇಎ ಕಂಪನಿ, 'ಸ್ಪೋರ್' ಅನ್ನುವ ಗೇಮ್ ಬಿಡುಗಡೆ ಮಾಡಿತು. ಅದರ ಹಿಂದೆ ಇದ್ದವರು 'ಸಿಮ್‌ಸಿಟಿ', 'ದಿ ಸಿಮ್ಸ್' ಕೊಟ್ಟ ವಿಲ್ ರೈಟ್. ನೀರಿನಲ್ಲಿ ಈಜುವ ಒಂದು ಪುಟ್ಟ ಜೀವಿ. ಅದಕ್ಕೆ ತಿನ್ನಿಸಿ, ಕೈಕಾಲು ಬರಿಸಿ, ಗುಂಪು ಕಟ್ಟಿ, ಕೊನೆಗೆ ಬಾಹ್ಯಾಕಾಶಕ್ಕೆ ಕಳಿಸುವವರೆಗೂ ಆಟ. ಜನ ಇದಕ್ಕಾಗಿ ವರ್ಷಗಟ್ಟಲೆ ಕಾದಿದ್ದರು.

ಅದರೊಳಗೆ ಸೆಕ್ಯುರಾಮ್ ಅನ್ನುವ ಬೀಗ, ಅಂದರೆ ನಕಲು ತಡೆಯುವ ತಂತ್ರಾಂಶ ಇತ್ತು. ಒಂದು ಪ್ರತಿ ಕೊಂಡರೆ ಮೂರೇ ಸಲ ಆ್ಯಕ್ಟಿವೇಶನ್, ಅಂದರೆ ಕಂಪ್ಯೂಟರ್‌ಗೆ ಹಾಕಿ ಚಾಲೂ ಮಾಡುವ ಅವಕಾಶ. ಕಂಪ್ಯೂಟರ್ ಬದಲಾಯಿಸಿದರೆ ಒಂದು ಖರ್ಚಾಯಿತು. ಒಳಗಿನ ಬಿಡಿಭಾಗ ಬದಲಾಯಿಸಿ ಮತ್ತೆ ಹಾಕಿದರೆ ಇನ್ನೊಂದೂ ಹೋಗಬಹುದಿತ್ತು. ಮೂರೂ ಮುಗಿದರೆ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ಅನುಮತಿ ಕೇಳಬೇಕು. ತಾನೇ ಕೊಂಡ ವಸ್ತುವಿಗೆ! ಜನರಿಗೆ ಸಿಟ್ಟು ಬಂತು. ಅಮೆಜಾನ್‌ನಲ್ಲಿ ಸಾವಿರಗಟ್ಟಲೆ ಜನ ಆ ಗೇಮ್‌ಗೆ ಒಂದೇ ಒಂದು ಸ್ಟಾರ್ ಕೊಟ್ಟರು. ಆಟ ಚೆನ್ನಾಗಿಲ್ಲ ಅಂತಲ್ಲ, ಬೀಗ ಬೇಡ ಅಂತ. ಅಮೆರಿಕದಲ್ಲಿ ಕೋರ್ಟಿಗೂ ಹೋದರು.

ಕದಿಯುವವರಿಗೆ ಏನಾಯಿತು? ಏನೂ ಆಗಲಿಲ್ಲ. ಗೇಮ್ ಅಂಗಡಿಗೆ ಬರುವ ಮೊದಲೇ, ಬೀಗ ಒಡೆದ ಪ್ರತಿ ಟೊರೆಂಟ್‌ನಲ್ಲಿ, ಅಂದರೆ ಜನ ಇಂಟರ್‌ನೆಟ್‌ನಲ್ಲಿ ಕಡತಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಜಾಲದಲ್ಲಿ, ಓಡಾಡುತ್ತಿತ್ತು. ಆ ವರ್ಷದ ಕೊನೆಗೆ ಟೊರೆಂಟ್‌ಫ್ರೀಕ್ ಅನ್ನುವ ಸುದ್ದಿ ತಾಣ ಲೆಕ್ಕ ಹಾಕಿದಾಗ, ಅತಿ ಜಾಸ್ತಿ ಪೈರಸಿಯಾದ ಗೇಮ್ ಸ್ಪೋರ್. ಅಂದಾಜು 17 ಲಕ್ಷ ಡೌನ್‌ಲೋಡ್. ಕದ್ದವರ ಪ್ರತಿಯಲ್ಲಿ ಮೂರು ಸಲದ ಮಿತಿಯೂ ಇರಲಿಲ್ಲ, ಫೋನ್ ಮಾಡುವ ಗೋಳೂ ಇರಲಿಲ್ಲ. ನೋಡಿ, ಇಲ್ಲೇ ನನಗೆ ಸಂಕಟವಾಗುವುದು. ಒಂದೇ ಆಟ, ಎರಡು ಪ್ರತಿ. ಅದರಲ್ಲಿ ಕದ್ದದ್ದೇ ಉತ್ತಮ ಪ್ರತಿಯಾಗಿಬಿಟ್ಟಿತು.

ಇಎ ಆಮೇಲೆ ಮೂರನ್ನು ಐದಕ್ಕೆ ಏರಿಸಿತು. ಅದೇ ಡಿಸೆಂಬರ್‌ನಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸ್ಪೋರ್ ಮಾರಾಟಕ್ಕೆ ಬಂದಾಗ ಸೆಕ್ಯುರಾಮ್ ಇರಲೇ ಇಲ್ಲ. ಹಾಗಾದರೆ ಸೆಪ್ಟೆಂಬರ್‌ನಲ್ಲಿ ಕೊಂಡವರು ಏನು ತಪ್ಪು ಮಾಡಿದ್ದರು?

ಕಂಪನಿಗಳು ಇದರಿಂದ ಪಾಠ ಕಲಿತವು ಅಂದುಕೊಂಡರೆ, ಇಲ್ಲ. 2010ರಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ 'ಅಸ್ಯಾಸಿನ್ಸ್ ಕ್ರೀಡ್ 2' ಗೇಮ್‌ಗೆ ಹೊಸ ಷರತ್ತು ಹಾಕಿತು. ಒಬ್ಬರೇ ಕೂತು ಆಡುವ ಆಟವಾದರೂ ಇಂಟರ್‌ನೆಟ್ ಸದಾ ಇರಬೇಕು. ನೆಟ್ ಹೋಯಿತೋ, ಆಟ ನಿಂತಿತು. ಆ ಮಾರ್ಚ್‌ನಲ್ಲಿ ಯಾರೋ ಯೂಬಿಸಾಫ್ಟ್ ಸರ್ವರ್‌ಗಳ ಮೇಲೆ, ಅಂದರೆ ಆಟ ನೆಟ್‌ನಲ್ಲಿ ಸಂಪರ್ಕಿಸುವ ಕಂಪನಿಯ ಕಂಪ್ಯೂಟರ್‌ಗಳ ಮೇಲೆ, ದಾಳಿ ಮಾಡಿದರು. ದುಡ್ಡು ಕೊಟ್ಟ ಗ್ರಾಹಕರಲ್ಲಿ ಕೆಲವರಿಗೆ ಆಟದೊಳಗೆ ಹೋಗಲಿಕ್ಕೇ ಆಗಲಿಲ್ಲ. ಮಳೆ ಬಂದರೆ ಕರೆಂಟ್ ಹೋಗುವ, ಕರೆಂಟ್ ಹೋದರೆ ನೆಟ್ ಹೋಗುವ ನಮ್ಮ ಊರುಗಳಲ್ಲಿ ಇಂಥ ಷರತ್ತು ಎಷ್ಟು ಕಷ್ಟ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಇಎ ಕಂಪನಿಯ 2013ರ 'ಸಿಮ್‌ಸಿಟಿ'ಯದ್ದೂ ಇದೇ ಕಥೆ. ಬಿಡುಗಡೆಯ ವಾರ ಸರ್ವರ್‌ಗಳು ಕುಸಿದವು. ಆನ್‌ಲೈನ್ ಇಲ್ಲದೆ ಈ ಆಟ ನಡೆಯುವುದಿಲ್ಲ, ಲೆಕ್ಕಗಳೆಲ್ಲ ನಮ್ಮ ಸರ್ವರ್‌ನಲ್ಲೇ ಆಗುತ್ತವೆ ಅಂತ ಕಂಪನಿ ಹೇಳಿತು. ಒಂದು ವರ್ಷದ ನಂತರ ಅದೇ ಕಂಪನಿ ಆಫ್‌ಲೈನ್ ಆಡುವ ಅವಕಾಶ ಕೊಟ್ಟಿತು.

ಇಷ್ಟು ಕೇಳಿ, ಬೀಗವೇ ದಂಡ, ಸುಮ್ನೆ ಕಿತ್ತುಹಾಕಿ ಅಂತ ನಾನು ಹೇಳುತ್ತೇನೆ ಅಂದುಕೊಳ್ಳಬೇಡಿ. ಪೈರಸಿಯ ಪೆಟ್ಟು ನಿಜ. 2013ರಲ್ಲಿ ಗ್ರೀನ್‌ಹಾರ್ಟ್ ಗೇಮ್ಸ್ ಅನ್ನುವ ಪುಟ್ಟ ಕಂಪನಿ 'ಗೇಮ್ ಡೆವ್ ಟೈಕೂನ್' ಅನ್ನುವ ಆಟ ತಂದಿತು. ಗೇಮ್ ಕಂಪನಿ ನಡೆಸುವುದೇ ಆ ಆಟ. ಅದರಲ್ಲಿ ಬೀಗವೇ ಇರಲಿಲ್ಲ. ಆದರೆ ಅವರು ತಾವೇ ಒಂದು ಬೇರೆ ಪ್ರತಿಯನ್ನು ಟೊರೆಂಟ್‌ಗೆ ಹಾಕಿದರು. ಆ ಪ್ರತಿಯಲ್ಲಿ ಆಡುವವನ ಕಂಪನಿ, ಅವನ ಗೇಮ್‌ಗಳನ್ನು ಜನ ಕದ್ದು ಕದ್ದು, ದಿವಾಳಿಯಾಗುತ್ತದೆ. ಮೊದಲ ದಿನದ ಲೆಕ್ಕ ಹೀಗಿತ್ತು: ದುಡ್ಡು ಕೊಟ್ಟು ಕೊಂಡವರು 214 ಜನ, ಕದ್ದ ಪ್ರತಿ ಆಡಿದವರು 3,104 ಜನ. ಕದ್ದು ಆಡಿದವರಲ್ಲೇ ಕೆಲವರು, ಗೇಮ್‌ನೊಳಗೆ ಪೈರಸಿ ತಡೆಯುವುದು ಹೇಗೆ ಅಂತ ಕೇಳಿಯೂ ಬರೆದರು. ವರ್ಷವೆಲ್ಲ ದುಡಿದ ಸಣ್ಣ ತಂಡ ಈ ಅಂಕಿ ನೋಡಿದಾಗ ಹೇಗನಿಸಿರಬೇಕು, ಯೋಚಿಸಿ. ಬೀಗ ಬೇಕು ಅನ್ನುವವರ ಮಾತನ್ನು ನಾನು ತಳ್ಳಿಹಾಕದೇ ಇರುವುದು ಇದಕ್ಕೇ.

ಈಗ ದೊಡ್ಡ ಕಂಪನಿಗಳು ಹೆಚ್ಚಾಗಿ ನಂಬಿರುವ ಬೀಗ ಡೆನುವೊ. ಆಸ್ಟ್ರಿಯಾ ದೇಶದ್ದು. 2014ರಿಂದ ಬಳಕೆಯಲ್ಲಿದೆ. ಇದು ಮಾತ್ರ ಹಿಂದಿನವುಗಳಂತೆ ಒಂದೇ ದಿನಕ್ಕೆ ಮುರಿದು ಬೀಳಲಿಲ್ಲ. ಕೆಲವು ಗೇಮ್‌ಗಳಲ್ಲಿ ತಿಂಗಳುಗಟ್ಟಲೆ ನಿಂತಿತು. 2016ರ ಜನವರಿಯಲ್ಲಿ ಚೀನಾದ ಒಂದು ಹೆಸರುವಾಸಿ ಕ್ರ್ಯಾಕಿಂಗ್ ಗುಂಪೇ, ಅಂದರೆ ಇಂಥ ಬೀಗ ಒಡೆಯುವವರ ಗುಂಪೇ, ಹೀಗೇ ಹೋದರೆ ಇನ್ನೆರಡು ವರ್ಷದಲ್ಲಿ ಕದ್ದು ಆಡಲು ಗೇಮ್‌ಗಳೇ ಇರುವುದಿಲ್ಲವೇನೋ ಎಂದಿತ್ತು. ಹಾಗೇನೂ ಆಗಲಿಲ್ಲ. ಮುಂದಿನ ಜನವರಿಯಲ್ಲಿ 'ರೆಸಿಡೆಂಟ್ ಈವಿಲ್ 7' ಒಂದು ವಾರದೊಳಗೇ ಒಡೆಯಿತು.

ಡೆನುವೊ ನಿಜಕ್ಕೂ ದುಡ್ಡು ಉಳಿಸುತ್ತದಾ? ಇದಕ್ಕೆ ಲೆಕ್ಕದ ಉತ್ತರ ಸಿಕ್ಕಿದ್ದು ಇತ್ತೀಚೆಗೆ. 2024ರಲ್ಲಿ ವಿಲಿಯಂ ವೋಲ್ಕ್‌ಮನ್ ಅನ್ನುವ ಅಮೆರಿಕದ ಸಂಶೋಧಕ ಡೆನುವೊ ಹಾಕಿದ 86 ಗೇಮ್‌ಗಳನ್ನು ತೆಗೆದುಕೊಂಡು ಅಧ್ಯಯನ ಪ್ರಕಟಿಸಿದರು. ಬಿಡುಗಡೆಯಾದ ತಕ್ಷಣ ಬೀಗ ಒಡೆದರೆ, ಸರಾಸರಿ ನೂರಕ್ಕೆ 20ರಷ್ಟು ವರಮಾನ ಹೋಗುತ್ತದೆ. ಅದು ಸಣ್ಣ ಮೊತ್ತವಲ್ಲ. ಆದರೆ ಅದೇ ಅಧ್ಯಯನ ಇನ್ನೊಂದು ಮಾತು ಹೇಳುತ್ತದೆ, ನನ್ನ ಮಟ್ಟಿಗೆ ಅದೇ ಮುಖ್ಯ. 12 ವಾರ ಕಳೆದ ಮೇಲೆ ಒಡೆದರೆ ನಷ್ಟ ಹೆಚ್ಚುಕಡಿಮೆ ಏನೂ ಇಲ್ಲ. ಕೊಳ್ಳುವವರು ಬಹುಪಾಲು ಅಷ್ಟರೊಳಗೆ ಕೊಂಡಾಗಿರುತ್ತದೆ.

ಅಂದರೆ ಈ ಬೀಗಕ್ಕೆ ಕೆಲಸ ಇರುವುದು ಮೂರು ತಿಂಗಳು. ಆಮೇಲೆ ಅದು ಯಾರನ್ನು ಕಾಯುತ್ತಿದೆ?

ಆಮೇಲೆ ಅದು ಕಾಡುವುದು ಮಾತ್ರ ಕೊಂಡವರನ್ನೇ. 2021ರ 'ರೆಸಿಡೆಂಟ್ ಈವಿಲ್ ವಿಲೇಜ್' ನೋಡಿ. ಶತ್ರುಗಳಿಗೆ ಗುಂಡು ಹಾರಿಸಿದಾಗ ಆಟ ತಡವರಿಸುತ್ತಿತ್ತು. ಎರಡು ತಿಂಗಳ ನಂತರ ಕ್ರ್ಯಾಕ್ ಆದ ಪ್ರತಿ ಬಂತು. ಅದರಲ್ಲಿ ಆಟ ಸರಾಗವಾಗಿ ಓಡುತ್ತಿತ್ತು. ತಜ್ಞರು ಪರೀಕ್ಷೆ ಮಾಡಿ ಹೌದು ಅಂದರು. ಅಲ್ಲಿ ಡೆನುವೊ ಜೊತೆಗೆ ಕ್ಯಾಪ್‌ಕಾಮ್ ಕಂಪನಿಯ ಸ್ವಂತ ಬೀಗವೂ ಇತ್ತು. ಕ್ಯಾಪ್‌ಕಾಮ್ ಪ್ಯಾಚ್, ಅಂದರೆ ತಿದ್ದಿದ ಭಾಗ, ಕೊಟ್ಟು ಸರಿ ಮಾಡಿದ್ದು ಕಳ್ಳರು ತೋರಿಸಿಕೊಟ್ಟ ಮೇಲೆ. ಅದೇ ವರ್ಷದ ನವೆಂಬರ್‌ನಲ್ಲಿ ಡೆನುವೊದ ಒಂದು ಡೊಮೇನ್ ಹೆಸರಿನ, ಅಂದರೆ ಇಂಟರ್‌ನೆಟ್ ವಿಳಾಸದ, ಅವಧಿ ಮುಗಿದು, ಹಲವು ಗೇಮ್‌ಗಳು ಕೆಲ ಹೊತ್ತು ತೆರೆಯಲೇ ಇಲ್ಲ. ಹಳೆಯ ಸಿಡಿಗಳ ಪಾಡು ಇನ್ನೂ ಕೆಟ್ಟದ್ದು. ಸೇಫ್‌ಡಿಸ್ಕ್ ಬೀಗ ಇದ್ದ ಸಿಡಿಗಳನ್ನು ವಿಂಡೋಸ್ 10 ಓಡಿಸುವುದೇ ಇಲ್ಲ. ಆ ಬೀಗವನ್ನು ವಿಂಡೋಸ್‌ನೊಳಗೆ ನಡೆಸುವ ಡ್ರೈವರ್ ತಂತ್ರಾಂಶ ಭದ್ರತೆಗೆ ಅಪಾಯ ಅಂತ ಮೈಕ್ರೋಸಾಫ್ಟ್ ಅದನ್ನು ಬಿಟ್ಟಿತು. ಅಸಲಿ ಸಿಡಿ ಜೋಪಾನವಾಗಿ ಇಟ್ಟುಕೊಂಡವರ ಕೈಯಲ್ಲಿ ಈಗ ಬರಿ ತಟ್ಟೆ.

ಪೈರಸಿ ತಗ್ಗಿಸಲು ಬೇರೆ ದಾರಿ ಇಲ್ಲವಾ? ಪೋಲೆಂಡ್ ಕಡೆ ನೋಡಬೇಕು. ತೊಂಬತ್ತರ ದಶಕದಲ್ಲಿ ಅಲ್ಲಿ ಸಂತೆಯಲ್ಲಿ ಕದ್ದ ಸಿಡಿಗಳದ್ದೇ ವ್ಯಾಪಾರ. 1994ರಲ್ಲಿ ಶುರುವಾದ ಸಿಡಿ ಪ್ರಾಜೆಕ್ಟ್ ಕಂಪನಿ 1999ರಲ್ಲಿ 'ಬಾಲ್ಡರ್ಸ್ ಗೇಟ್' ಗೇಮ್ ಅನ್ನು ಪೋಲಿಷ್ ಭಾಷೆಯಲ್ಲಿ ತಂದಿತು. ಡಬ್ಬಿಯಲ್ಲಿ ನಕ್ಷೆ, ನಿಯಮಗಳ ಪುಸ್ತಕ, ಸಂಗೀತದ ಸಿಡಿ ಎಲ್ಲ ಇಟ್ಟಿತು. ಆಡುವವರಿಗೆ ತಮ್ಮ ಭಾಷೆಯಲ್ಲೇ ಮಾತು ಕೇಳಿಸಿತು. ಸಂತೆಯವನು ಇದನ್ನು ಕೊಡಲಾರ. ಜನ ದುಡ್ಡು ಕೊಟ್ಟು ಕೊಂಡರು. ಅದೇ ಕಂಪನಿ 2015ರಲ್ಲಿ 'ವಿಚರ್ 3' ಗೇಮ್ ಅನ್ನು ಗಾಗ್ ಅನ್ನುವ ತನ್ನ ಆನ್‌ಲೈನ್ ಅಂಗಡಿಯಲ್ಲಿ ಬೀಗವಿಲ್ಲದೆ ಮಾರಿತು. ಅದು ಕೋಟಿಗಟ್ಟಲೆ ಪ್ರತಿ ಹೋಗಿದೆ.

ನಮ್ಮಲ್ಲೂ ಇದನ್ನು ಕಂಡಿದ್ದೇವೆ. ಬೆಂಗಳೂರಿನ ಎಸ್.ಪಿ. ರೋಡ್, ನ್ಯಾಷನಲ್ ಮಾರ್ಕೆಟ್‌ಗಳಲ್ಲಿ ಕಡಿಮೆ ಬೆಲೆಗೆ ಕದ್ದ ಸಿಡಿ ಸಿಗುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ಅಸಲಿ ಬೇಕು ಅಂದರೂ ಆನ್‌ಲೈನ್‌ನಲ್ಲಿ ಬೆಲೆ ಡಾಲರ್‌ನಲ್ಲಿತ್ತು. ವಿದ್ಯಾರ್ಥಿಗಳು ಎಲ್ಲಿಂದ ಕೊಡಬೇಕು? 2015ರ ಕೊನೆಗೆ ಸ್ಟೀಮ್ ರೂಪಾಯಿಯಲ್ಲಿ ಬೆಲೆ ಹಾಕಿತು. ಆಮೇಲೆ ಪ್ರಾಮಾಣಿಕವಾಗಿ ಕೊಳ್ಳುವುದು ನಮ್ಮ ಹುಡುಗರಿಗೆ ಸುಲಭವಾಯಿತು. ನಮ್ಮ ಕಾನೂನೂ ಇದೆ. 2012ರ ತಿದ್ದುಪಡಿಯಲ್ಲಿ ಬಂದ ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಮೇಲೆ ದಂಡ. ಬೀಗ ಹಾಕಿದವರ ಹಕ್ಕಿಗೆ ಇಷ್ಟು ಗಟ್ಟಿ ರಕ್ಷಣೆ ಇರುವಾಗ, ಕೊಂಡವರ ಹಕ್ಕಿಗೂ ಒಂದಿಷ್ಟು ಬೇಕು ಅನ್ನುವುದು ಅತಿಯಾಸೆಯಲ್ಲ.

ಗೇಮ್ ಕಂಪನಿಗಳನ್ನು ನಾನು ಕೇಳುವುದು ಇಷ್ಟೇ. ಬೀಗ ಹಾಕಿ, ಆದರೆ ಅದನ್ನು ತೆಗೆಯುವ ತಾರೀಖನ್ನೂ ಮೊದಲೇ ಹೇಳಿ. ಇದು ಆಗದ ಮಾತೇನಲ್ಲ. 2016ರ ಮೇ ತಿಂಗಳಲ್ಲಿ ಬಂದ 'ಡೂಮ್' ಗೇಮ್‌ನಿಂದ ಅದೇ ಡಿಸೆಂಬರ್‌ನಲ್ಲಿ ಡೆನುವೊ ತೆಗೆದರು. ಇನ್ನು ಸರ್ವರ್ ಮುಚ್ಚುವ ದಿನ ಬಂದರೆ, ಅದಿಲ್ಲದೆ ಆಡುವ ದಾರಿ ಮಾಡಿಕೊಟ್ಟು ಮುಚ್ಚಿ. 2024ರ ಮಾರ್ಚ್ 31ಕ್ಕೆ ಯೂಬಿಸಾಫ್ಟ್ 'ದಿ ಕ್ರೂ' ಗೇಮ್‌ನ ಸರ್ವರ್ ಮುಚ್ಚಿತು. ಒಬ್ಬರೇ ಕಾರು ಓಡಿಸಿಕೊಂಡು ಆಡುತ್ತಿದ್ದವರಿಗೂ ಆಟ ಹೋಯಿತು. ಆ ಸಿಟ್ಟಿನಿಂದ ಶುರುವಾದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ ಯೂರೋಪಿನಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಸಹಿ ಹಾಕಿದ್ದಾರೆ.

ನಾವು ಮಾಡಬಹುದಾದದ್ದೂ ಇದೆ. ಸ್ಟೀಮ್‌ನಲ್ಲಿ ಗೇಮ್ ಕೊಳ್ಳುವ ಮೊದಲು ಆ ಗೇಮ್‌ನ ಪುಟದ ಬಲಬದಿ ನೋಡಿ. ಡೆನುವೊದಂಥ ಬೀಗ ಇದ್ದರೆ ಅಲ್ಲಿ ಬರೆದಿರುತ್ತದೆ. ಎಷ್ಟು ಕಂಪ್ಯೂಟರ್‌ಗೆ ಅನ್ನುವ ಮಿತಿ ಇದ್ದರೆ ಅದೂ ಇರುತ್ತದೆ. ಬೇಡ ಅನಿಸಿದರೆ ಒಂದಿಷ್ಟು ತಿಂಗಳು ಕಾಯಿರಿ. ಬೀಗ ತೆಗೆದಿರಲೂಬಹುದು, ಬೆಲೆಯೂ ಇಳಿದಿರಬಹುದು. ಅದೇ ಗೇಮ್ ಗಾಗ್‌ನಲ್ಲಿ ಸಿಕ್ಕರೆ ಅಲ್ಲಿ ಕೊಂಡು, ಇನ್‌ಸ್ಟಾಲರ್ ಕಡತವನ್ನು, ಅಂದರೆ ಗೇಮ್ ಅನ್ನು ಕಂಪ್ಯೂಟರ್‌ಗೆ ಹಾಕುವ ಕಡತವನ್ನು, ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ಅದನ್ನು ಹಾಕಿ ಆಡಲು ಯಾವ ಸರ್ವರ್‌ನ ಅಪ್ಪಣೆಯೂ ಬೇಕಾಗಿಲ್ಲ.

ನಮಸ್ಕಾರ.