ಹತ್ತು ಕಂತಿನ ಕಸುಬು: ಹೊರದೇಶಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವವರ ಬದುಕು

ಸ್ನೇಹಿತರೇ,

ಬ್ಯಾಸ್ಕೆಟ್‌ಬಾಲ್ ಎಂದೊಡನೆ ಎಲ್ಲರ ಕಣ್ಣೂ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಕಡೆಗೆ ಹೊರಳುತ್ತದೆ. ಹಾಗಾಗಿ ಅಲ್ಲಿನ ಲೆಕ್ಕವನ್ನೇ ಮೊದಲು ನೋಡಿಬಿಡೋಣ. ತಂಡಗಳು 30. ಒಂದೊಂದು ತಂಡಕ್ಕೆ ಪೂರ್ಣ ಒಪ್ಪಂದದ 15 ಆಟಗಾರರು. ಅಲ್ಲಿಗೆ ಒಟ್ಟು 450 ಜಾಗ. ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸಿಕೊಳ್ಳುವ, ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್‌ನಲ್ಲಿ ಹೆಚ್ಚೆಂದರೆ 60 ಹೊಸಬರ ಹೆಸರು ಕೂಗುತ್ತಾರೆ; ಹೆಸರು ಕೂಗಿದ ಮಾತ್ರಕ್ಕೆ ಎಲ್ಲರಿಗೂ ಜಾಗ ಸಿಗುವುದಿಲ್ಲ. ಆದರೆ ಅಮೆರಿಕದ ಕಾಲೇಜುಗಳ ಮೊದಲ ದರ್ಜೆಯೊಂದರಲ್ಲೇ 350ಕ್ಕೂ ಹೆಚ್ಚು ತಂಡಗಳು ಆಡುತ್ತವೆ. ಉಳಿದವರಲ್ಲಿ ಚೆಂಡು ಕೈಬಿಡಲು ಒಪ್ಪದವರೆಲ್ಲ ವಿಮಾನ ಹತ್ತುತ್ತಾರೆ. ಸ್ಪೇನ್, ಟರ್ಕಿ, ಗ್ರೀಸ್, ಇಸ್ರೇಲ್, ಚೀನಾ, ಜಪಾನ್, ಫಿಲಿಪೀನ್ಸ್, ಲೆಬನಾನ್: ಇವರಿಗೆ ಸಂಬಳ ಕೊಡುವ ಲೀಗ್‌ಗಳ ಪಟ್ಟಿ ಉದ್ದವಾಗಿದೆ.

ಇವರನ್ನು ಎನ್‌ಬಿಎ ಬಾಗಿಲಲ್ಲಿ ಎಡವಿದವರು ಎಂದು ಕರುಣೆಯಿಂದ ನೋಡುವ ರೂಢಿ ಕ್ರೀಡಾ ಬರವಣಿಗೆಯಲ್ಲಿ ಬೇರೂರಿದೆ. ನನಗೆ ಅದು ಒಪ್ಪಿಗೆಯಿಲ್ಲ. ಇದು ತನ್ನದೇ ಪಟ್ಟುಗಳಿರುವ ಬೇರೆ ಕಸುಬು. ಅದರ ಒಳಗುಟ್ಟು ಗೊತ್ತಾಗಬೇಕಾದರೆ ಅಂಕಪಟ್ಟಿಗಿಂತ ಮೊದಲು ಒಪ್ಪಂದದ ಕಾಗದವನ್ನು ಓದಬೇಕು.

ಯುರೋಪಿನ ಮಾಮೂಲಿ ಒಪ್ಪಂದವೊಂದನ್ನು ಬಿಡಿಸಿ ನೋಡಿ. ಸಂಬಳವನ್ನು ತೆರಿಗೆ ಕಳೆದು ಕೈಗೆ ಬರುವ ಮೊತ್ತವಾಗಿಯೇ ಬರೆದಿರುತ್ತಾರೆ. ತೆರಿಗೆಯ ಹೊರೆ ಕ್ಲಬ್ಬಿನದು. ಋತು ಆಗಸ್ಟ್‌ನಿಂದ ಮೇ–ಜೂನ್‌ವರೆಗೆ ನಡೆಯುವುದರಿಂದ ಹಣ ಸಾಮಾನ್ಯವಾಗಿ ಹತ್ತು ಕಂತಿನಲ್ಲಿ ಬರುತ್ತದೆ. ಸಜ್ಜುಗೊಳಿಸಿದ ಮನೆ, ಓಡಾಡಲು ಕಾರು, ಊರಿಗೆ ಹೋಗಿಬರಲು ವಿಮಾನದ ಟಿಕೆಟ್‌ಗಳು, ಕಪ್ ಗೆದ್ದರೆ ಬೋನಸ್. ಇಷ್ಟರವರೆಗೆ ಎಲ್ಲವೂ ಸೊಗಸು. ಅದರ ಕೆಳಗೆ ವೈದ್ಯಕೀಯ ತಪಾಸಣೆಯ ಷರತ್ತು ಬರುತ್ತದೆ: ಬಂದಿಳಿದ ಎರಡು ಮೂರು ದಿನಗಳಲ್ಲಿ ಕ್ಲಬ್ಬಿನ ವೈದ್ಯರು ನೋಡುತ್ತಾರೆ, ಮೊಣಕಾಲು ಅವರಿಗೆ ಒಪ್ಪಿಗೆಯಾಗದಿದ್ದರೆ ಒಪ್ಪಂದವೇ ಇಲ್ಲ. ಇನ್ನೂ ಕೆಳಗೆ, ಕಂತು ಇಂತಿಷ್ಟು ದಿನ ತಡವಾದರೆ ಆಟಗಾರ ಅಭ್ಯಾಸಕ್ಕೂ ಪಂದ್ಯಕ್ಕೂ ಬರಬೇಕಾಗಿಲ್ಲ, ಮತ್ತೂ ತಡವಾದರೆ ಒಪ್ಪಂದ ಮುರಿದು ಹೊರಡಬಹುದು ಎಂಬ ಸಾಲು. ಜಾಣ ಏಜೆಂಟ್ ಸಂಬಳದ ಅಂಕಿಗಿಂತ ಹೆಚ್ಚು ಚೌಕಾಶಿ ಮಾಡುವುದು ಈ ಸಾಲಿನ ಮೇಲೆ. ದೊಡ್ಡ ಮೊತ್ತ ಬರೆದುಕೊಟ್ಟು ನಾಲ್ಕನೆಯ ಕಂತಿಗೆ ಕೈಚೆಲ್ಲುವ ಕ್ಲಬ್ಬಿಗಿಂತ ಚಿಕ್ಕ ಮೊತ್ತವನ್ನು ದಿನ ತಪ್ಪದೆ ಕೊಡುವ ಕ್ಲಬ್ ಮೇಲು ಎಂಬುದನ್ನು ಈ ವೃತ್ತಿಯ ಹಳಬರು ಬೇಗ ಕಲಿತಿರುತ್ತಾರೆ.

ಹಣ ಬರಲೇ ಇಲ್ಲ ಎಂದುಕೊಳ್ಳಿ. ಪರದೇಶದ ನ್ಯಾಯಾಲಯ, ತಿಳಿಯದ ಭಾಷೆ, ವರ್ಷಗಟ್ಟಲೆ ಎಳೆಯುವ ಮೊಕದ್ದಮೆ. ಅಷ್ಟು ಹೊತ್ತಿಗೆ ಆಟಗಾರನ ಮೊಣಕಾಲಿಗೇ ವಯಸ್ಸಾಗಿರುತ್ತದೆ. ಇದಕ್ಕೆಂದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ 2007ರಲ್ಲಿ ಪಂಚಾಯ್ತಿ ಮಂಡಳಿಯೊಂದನ್ನು ತೆರೆಯಿತು. ಈಗ ಅದರ ಹೆಸರು ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್, ನೆಲೆ ಜಿನೀವಾ. ಒಬ್ಬನೇ ತೀರ್ಪುಗಾರ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಆತ ಯಾವ ದೇಶದ ಕಾಯಿದೆಯ ಪುಸ್ತಕವನ್ನೂ ತೆರೆಯಬೇಕಿಲ್ಲ. ಇಬ್ಬರ ಮಾತನ್ನೂ ನೋಡಿ ನ್ಯಾಯವೆನಿಸಿದ್ದನ್ನು ಹೇಳುತ್ತಾನೆ. ತೀರ್ಪಿಗೆ ಮಣಿಯದ ಕ್ಲಬ್ಬಿಗೆ ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಬಾ ತಡೆ ಹಾಕಬಹುದು. ಬಾಕಿ ಹಣ ಹೊರಡುವುದು ಬಹುಪಾಲು ಈ ಭಯಕ್ಕೆ. ಆಟಗಾರನಿಗೂ ಒಂದು ಹಗ್ಗವಿದೆ: ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹಿಂದಿನ ದೇಶದ ಒಕ್ಕೂಟ ಬಿಡುಗಡೆ ಪತ್ರ ಕೊಡಬೇಕು. ಅದು ಬರುವತನಕ ಹೊಸ ತಂಡದ ಅಂಗಿ ತೊಟ್ಟು ಆಡುವಂತಿಲ್ಲ.

ಇನ್ನು ಆಟಕ್ಕೆ ಬರೋಣ. ಫಿಬಾ ನಿಯಮದ ಪಂದ್ಯ 40 ನಿಮಿಷ, ಎನ್‌ಬಿಎಯದು 48. ಮೂರು ಅಂಕದ ಗೆರೆ 6.75 ಮೀಟರ್ ದೂರದಲ್ಲಿ. ಅಲ್ಲಿ ಅದು 7.24. ಎನ್‌ಬಿಎಯಂತೆ ಆರಲ್ಲ, ಐದೇ ಫೌಲ್‌ಗಳಿಗೆ ಆಟಗಾರ ಹೊರಕ್ಕೆ. ಇವನ್ನೆಲ್ಲ ವಾರದಲ್ಲಿ ಅಭ್ಯಾಸ ಮಾಡಿಕೊಳ್ಳಬಹುದು. ಬೇಗ ಮೈಗೂಡದಿರುವುದು ಬುಟ್ಟಿಯ ಕೆಳಗಿನ ಜಾಗ. ಎನ್‌ಬಿಎಯಲ್ಲಿ ರಕ್ಷಣೆಗೆ ನಿಂತವನು ಯಾರನ್ನೂ ಕಾಯದೆ ಅಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಯುರೋಪಿನಲ್ಲಿ ಆ ತಡೆಯಿಲ್ಲ. ಎತ್ತರದ ಸೆಂಟರ್ ಆಟಗಾರ ಅಲ್ಲೇ ಬೇರುಬಿಟ್ಟು ನಿಂತಿರುತ್ತಾನೆ. ಕಾಲೇಜು ಮುಗಿಸಿ ಬಂದ ಹುಡುಗ ತನ್ನ ವೇಗವನ್ನೇ ನಂಬಿ ನುಗ್ಗುತ್ತಾನೆ, ಎದುರಿಗೆ ಎದೆಯೊಂದು ಸಿಗುತ್ತದೆ. ಇದಲ್ಲದೆ ಚೆಂಡು ರಿಂಗಿಗೆ ತಗುಲಿದ ಮೇಲೆ ಅದನ್ನು ಯಾರು ಬೇಕಾದರೂ ಮುಟ್ಟಬಹುದು. ಒಳಗೆ ಬೀಳಲಿದ್ದ ಅಂಕವನ್ನು ಎದುರಾಳಿ ಬೆರಳ ತುದಿಯಿಂದ ಆಚೆ ತಳ್ಳಿದರೂ ತಪ್ಪಲ್ಲ. ಮೊದಲ ಸಲ ಇದನ್ನು ಕಂಡ ಅಮೆರಿಕದ ಹುಡುಗರು ರೆಫರಿಯತ್ತ ತಿರುಗಿ ಕೈ ಎತ್ತುತ್ತಾರೆ. ರೆಫರಿ ಅಷ್ಟರಲ್ಲಿ ಅಂಕಣದ ಇನ್ನೊಂದು ತುದಿಗೆ ಓಡಿರುತ್ತಾನೆ.

ಅನೇಕ ಲೀಗ್‌ಗಳಲ್ಲಿ ತಂಡಕ್ಕೆ ಇಂತಿಷ್ಟೇ ವಿದೇಶಿಯರು ಎಂಬ ಮಿತಿಯಿದೆ. ಹಾಗಾಗಿ ವಿದೇಶಿಯ ಮೇಲೆ ಖರ್ಚು ಮಾಡಿದ ಕ್ಲಬ್ ಅವನಿಂದ ಮೊದಲ ವಾರದಲ್ಲೇ ಫಲ ಬಯಸುತ್ತದೆ. ಸತತ ಮೂರು ಪಂದ್ಯ ಸೋತರೆ ಕೋಚ್‌ಗಿಂತ ಮೊದಲು ಮೂಟೆ ಕಟ್ಟುವವನು ಅವನೇ. ಈ ಒತ್ತಡದಲ್ಲಿ ಪಳಗಿದವರಲ್ಲಿ ಪಿ.ಜೆ. ಟಕರ್ ನನಗೆ ಅಚ್ಚುಮೆಚ್ಚು. 2006ರ ಡ್ರಾಫ್ಟ್‌ನಲ್ಲಿ ಟೊರಾಂಟೊ ಅವನನ್ನು 35ನೆಯವನಾಗಿ ಆರಿಸಿ, ಒಂದೇ ಋತುವಿನಲ್ಲಿ ಕೈಬಿಟ್ಟಿತು. ಇಸ್ರೇಲ್, ಉಕ್ರೇನ್, ಗ್ರೀಸ್, ಇಟಲಿ, ಜರ್ಮನಿ ಎಂದು ಐದು ವರ್ಷ ಸುತ್ತಿದ. 2008ರಲ್ಲಿ ಹಪೋಯೆಲ್ ಹೊಲೋನ್ ಎಂಬ ಸಣ್ಣ ಕ್ಲಬ್ಬಿನಲ್ಲಿದ್ದುಕೊಂಡು ಬಲಾಢ್ಯ ಮಕ್ಕಾಬಿ ಟೆಲ್ ಅವೀವನ್ನು ಇಸ್ರೇಲ್ ಲೀಗ್‌ನ ಫೈನಲ್‌ನಲ್ಲಿ ಮಣಿಸಿದ. 2012ರಲ್ಲಿ ಫೀನಿಕ್ಸ್ ಅವನನ್ನು ಎನ್‌ಬಿಎಗೆ ಮರಳಿ ಕರೆಸಿಕೊಂಡಿತು. 2021ರಲ್ಲಿ ಮಿಲ್ವಾಕಿಯ ಪರ ಚಾಂಪಿಯನ್ ಆದ. ಮರಳಿ ಬಂದವನು ಅಂಕ ಗಳಿಸುವ ಹುಡುಗನಾಗಿರಲಿಲ್ಲ. ಎದುರಾಳಿಯ ಅತ್ಯುತ್ತಮ ಆಟಗಾರನಿಗೆ ಅಂಟಿಕೊಂಡು ಕಾಡುವ ಕಾವಲುಗಾರನಾಗಿದ್ದ.

ಮರಳುವುದೇ ಎಲ್ಲರ ಗುರಿ ಎಂದುಕೊಳ್ಳಬೇಡಿ. ಸ್ಟೆಫಾನ್ ಮಾರ್ಬರಿ ಎರಡು ಸಲ ಎನ್‌ಬಿಎ ಆಲ್‌ಸ್ಟಾರ್ ಆಗಿದ್ದವನು. 2010ರಲ್ಲಿ ಚೀನಾಕ್ಕೆ ಹೋದ. ಬೀಜಿಂಗ್ ತಂಡಕ್ಕೆ 2012, 2014, 2015ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟ. ಅಲ್ಲಿ ಅವನ ಪ್ರತಿಮೆಯೂ ನಿಂತಿದೆ. ಜೆ.ಆರ್. ಹೋಲ್ಡನ್ ಕಥೆ ಇನ್ನೂ ವಿಚಿತ್ರ. ಅಮೆರಿಕದ ಪಿಟ್ಸ್‌ಬರ್ಗ್‌ನವನು, ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮಾಸ್ಕೋದ ಸಿಎಸ್‌ಕೆಎ ಕ್ಲಬ್ ಸೇರಿದ, 2003ರಲ್ಲಿ ರಷ್ಯಾದ ಪೌರತ್ವ ಸಿಕ್ಕಿತು. ರಾಷ್ಟ್ರೀಯ ತಂಡಕ್ಕೆ ಇಂಥ ಪೌರತ್ವ ಪಡೆದ ಒಬ್ಬನನ್ನು ಮಾತ್ರ ಸೇರಿಸಿಕೊಳ್ಳಲು ಫಿಬಾ ಬಿಡುತ್ತದೆ. ರಷ್ಯಾದ ಪಾಲಿಗೆ ಆ ಒಬ್ಬ ಇವನೇ. 2007ರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್, ಮ್ಯಾಡ್ರಿಡ್, ಎದುರಿಗೆ ಆತಿಥೇಯ ಸ್ಪೇನ್. ಕೊನೆಯ ಸೆಕೆಂಡುಗಳಲ್ಲಿ ಹೋಲ್ಡನ್ ಹೊಡೆದ ಚೆಂಡು ರಿಂಗಿನ ಮೇಲೆ ತಡವರಿಸಿ ಒಳಗೆ ಬಿತ್ತು. ರಷ್ಯಾ 60–59ರಿಂದ ಗೆದ್ದಿತು.

ಮಹಿಳೆಯರ ಲೆಕ್ಕ ಬೇರೆ. ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎ ನಡೆಯುವುದು ಬೇಸಿಗೆಯಲ್ಲಿ, ಉಳಿದ ಲೀಗ್‌ಗಳು ಚಳಿಗಾಲದಲ್ಲಿ. ದೊಡ್ಡ ಆಟಗಾರ್ತಿಯರು ವರ್ಷವಿಡೀ ಆಡುತ್ತಿದ್ದರು, ದೊಡ್ಡ ಹಣ ಸಿಗುತ್ತಿದ್ದುದು ಹೊರಗೆ. ರಷ್ಯಾದ ಎಕಟೆರಿನ್‌ಬರ್ಗ್ ಕ್ಲಬ್ ಡಯಾನಾ ಟೌರಾಸಿಗೆ ಋತುವೊಂದಕ್ಕೆ ಸುಮಾರು 15 ಲಕ್ಷ ಡಾಲರ್ ಕೊಡುತ್ತಿತ್ತೆಂದು ವರದಿಯಾಗಿತ್ತು. ಆಗ ಡಬ್ಲ್ಯುಎನ್‌ಬಿಎಯ ಗರಿಷ್ಠ ಸಂಬಳ ಸುಮಾರು 1.07 ಲಕ್ಷ ಡಾಲರ್. ವಿಶ್ರಾಂತಿ ತೆಗೆದುಕೋ ಎಂದು ಅದೇ ರಷ್ಯನ್ ಕ್ಲಬ್ ಹಣ ಕೊಟ್ಟು ಆಕೆಯನ್ನು 2015ರ ಅಮೆರಿಕದ ಋತುವಿನಿಂದ ಹೊರಗಿರಿಸಿತು. ಬ್ರಿಯಾನ್ನಾ ಸ್ಟೀವರ್ಟ್ 2019ರ ಏಪ್ರಿಲ್‌ನಲ್ಲಿ ಹಂಗೆರಿಯ ಸೊಪ್ರೊನ್‌ನಲ್ಲಿ ಯುರೋಪಿನ ಕ್ಲಬ್‌ಗಳ ಯೂರೋಲೀಗ್ ಫೈನಲ್ ಆಡುವಾಗ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡಳು, ಆ ವರ್ಷದ ಡಬ್ಲ್ಯುಎನ್‌ಬಿಎ ಋತು ಪೂರ್ತಿ ಹೋಯಿತು. 2022ರ ಫೆಬ್ರುವರಿಯಲ್ಲಿ ಅದೇ ಎಕಟೆರಿನ್‌ಬರ್ಗ್ ಕ್ಲಬ್ಬಿಗೆ ಆಡಲು ಹೊರಟಿದ್ದ ಬ್ರಿಟ್ನಿ ಗ್ರೈನರ್ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಬಂಧಿತಳಾಗಿ, ಒಂಬತ್ತು ವರ್ಷದ ಶಿಕ್ಷೆಗೆ ಗುರಿಯಾಗಿ, ಡಿಸೆಂಬರ್‌ನಲ್ಲಿ ಕೈದಿ ವಿನಿಮಯದಲ್ಲಿ ಬಿಡುಗಡೆಯಾದಳು. ಹಣಕ್ಕಾಗಿ ಅಷ್ಟು ದೂರ ಏಕೆ ಹೋಗಬೇಕಿತ್ತು ಎಂದು ಆಗ ಕೇಳಿದವರು ಈ ಎರಡು ಸಂಬಳಗಳನ್ನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಈಚೆಗೆ ಗಾಳಿ ತಿರುಗುತ್ತಿದೆ. 2025ರ ಜೂನ್‌ನಲ್ಲಿ ಒಪ್ಪಿಗೆ ಪಡೆದ ನ್ಯಾಯಾಲಯದ ರಾಜಿಯ ಪ್ರಕಾರ ಅಮೆರಿಕದ ಕಾಲೇಜುಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು; ಮೊದಲ ವರ್ಷ ಎಲ್ಲ ಕ್ರೀಡೆಗಳಿಗೂ ಸೇರಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಹೊರದೇಶಕ್ಕೆ ಹೊರಡಲಿದ್ದ ಹುಡುಗರು ಕಾಲೇಜಿನಲ್ಲೇ ಉಳಿಯುತ್ತಿದ್ದಾರೆ. ಯುರೋಪಿನ ಕ್ಲಬ್‌ಗಳು ಎಳವೆಯಿಂದ ಸಾಕಿ ಬೆಳೆಸಿದ ಹತ್ತೊಂಬತ್ತರ ತರುಣರು ಅಟ್ಲಾಂಟಿಕ್ ದಾಟಿ ಅದೇ ಕಾಲೇಜುಗಳನ್ನು ಸೇರುತ್ತಿದ್ದಾರೆ. ಇಷ್ಟು ಕಾಲ ಆಟಗಾರರಿಗೆ ಕಂತಿನ ಲೆಕ್ಕ ಹೇಳುತ್ತಿದ್ದ ಕ್ಲಬ್‌ಗಳು ಈಗ ತಾವು ಬೆಳೆಸಿದವರಿಗೆ ಪರಿಹಾರ ಕೊಡುವವರು ಯಾರು ಎಂದು ಕೇಳುತ್ತಿವೆ.