ಕಾಯೋ ಹೊತ್ತಲ್ಲಿ ಏನಾಗತ್ತೆ: ವೆಬ್ಬು, ವಿಡಿಯೋ, ಬೌಲಿಂಗು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳ್ತಿದ್ಯಾ? ಸರಿ. ಕಮಿಟಿಯವರು ಮೊದಲು ಫೋನ್ ಮಾಡಿದಾಗ ಎಐ ಬಗ್ಗೆ ಮಾತಾಡಿ, ನಮ್ ಮಕ್ಕಳಿಗೆ ಮುಂದೆ ಪ್ರೋಗ್ರಾಮಿಂಗ್ ಕೆಲ್ಸ ಇರತ್ತೋ ಇಲ್ವೋ ಹೇಳಿ ಅಂದಿದ್ರು. ಅದನ್ನ ಕೊನೇಲಿ ಹೇಳ್ತೀನಿ, ಟೈಮ್ ಇದ್ರೆ. ಯಾಕಂದ್ರೆ ಆಮೇಲೆ ನಮ್ ಕನ್ನಡ ಸಂಘದಿಂದ ಇನ್ನೊಂದು ಮೇಲ್ ಬಂತು, ನೀವೂ ನೋಡಿರ್ತೀರ. ತಿಂಗಳ ಸಭೆಗೆ ಜನ ಕಮ್ಮಿ ಆಗ್ತಿದಾರೆ, ಹಾಲ್ ಬಾಡಿಗೆ ಏರ್ತಿದೆ, ಮುಂದಿನ ವರ್ಷದಿಂದ ಸಭೆ ಜೂಮ್‌ನಲ್ಲೇ ಮಾಡೋಣ, ಮಿಕ್ಕಿದ್ದಕ್ಕೆ ವಾಟ್ಸಾಪ್ ಗ್ರೂಪ್ ಇದ್ದೇ ಇದೆ, ಇವತ್ತು ಸಭೆ ಮುಗಿದ ಮೇಲೆ ಕೈ ಎತ್ತಿ ತೀರ್ಮಾನ ಮಾಡೋಣ ಅಂತ. ಅದನ್ನ ಓದಿದ್ಮೇಲೆ ನಂಗೆ ಬೇರೆ ವಿಷಯ ಮಾತಾಡೋಕೆ ಮನಸ್ಸೇ ಬರ್ಲಿಲ್ಲ. ಎದುರುಬದುರು ಸೇರೋದು ಯಾಕೆ ಬೇಕು ಅಂತ ಹೇಳೋಕೇ ಇವತ್ತು ಬೌಲಿಂಗ್ ಬಗ್ಗೆ ಮಾತಾಡ್ತೀನಿ. ಕ್ರಿಕೆಟ್ದಲ್ಲ, ಅಮೆರಿಕದ ಈ ನಮ್ ಡೆಟ್ರಾಯಿಟ್ ಸುತ್ತಮುತ್ತ ಊರೂರಲ್ಲೂ ಇರೋ, ಬಾಲ್ ಉರುಳಿಸಿ ಪಿನ್ ಬೀಳಿಸೋ ಹತ್ತು ಪಿನ್ನಿನ ಬೌಲಿಂಗು. ಬೆಂಗಳೂರಲ್ಲಿ ಚರ್ಚ್ ಸ್ಟ್ರೀಟಿನ ಅಮೀಬಾಗೆ ಹೋಗಿರೋರಿಗೆ ಆಟ ಗೊತ್ತಿರತ್ತೆ, ಆದ್ರೆ ಲೀಗ್ ಅಂದ್ರೆ ಏನು ಅಂತ ಇಲ್ಲಿಗೆ ಬಂದ್ಮೇಲೇ ಗೊತ್ತಾಗೋದು.

ಮೊದಲು ನನ್ನ ಕಸುಬಿನ ವಿಷ್ಯ ಹೇಳ್ಬಿಡ್ತೀನಿ. ನಾನು ವೆಬ್ ಪ್ರೋಗ್ರಾಮರ್. ಜನ ಕಾಯ್ದೇ ಇರೋ ಹಾಗೆ ನೋಡ್ಕೊಳ್ಳೋದೇ ನನ್ನ ಹೊಟ್ಟೆಪಾಡು. ಪೇಜ್ ತೆರೆದ್ರೆ ಅದರಲ್ಲಿರೋ ಮುಖ್ಯವಾದ ಚಿತ್ರನೋ ಹೆಡ್ಡಿಂಗೋ ಎರಡೂವರೆ ಸೆಕೆಂಡ್ ಒಳಗೆ ಕಾಣ್ಬೇಕು ಅಂತ ಗೂಗಲ್‌ನೋರು ಒಂದು ಅಳತೆ ಇಟ್ಟಿದಾರೆ. ಬಟನ್ ಒತ್ತಿದ್ರೆ 200 ಮಿಲಿಸೆಕೆಂಡ್ ಒಳಗೆ ಸ್ಕ್ರೀನ್ ಮೇಲೆ ಏನಾದ್ರೂ ಅಲುಗಾಡ್ಬೇಕು ಅನ್ನೋದೂ 2024ರಿಂದ ಆ ಮುಖ್ಯ ಅಳತೆಗಳಲ್ಲಿ ಸೇರಿದೆ. ನಾವು ಟೀಮಲ್ಲಿ ಕೂತು ಒಂದು ಫಾಂಟ್ ಫೈಲ್ ಸಣ್ಣ ಮಾಡಿ ಎಷ್ಟು ಮಿಲಿಸೆಕೆಂಡ್ ಉಳೀತು ಅಂತ ಚಾರ್ಟ್ ಹಾಕ್ಕೊಂಡು ಖುಷಿ ಪಡ್ತೀವಿ, ಅದು ನಿಜವಾದ ಖುಷಿನೇ, ಯಾಕಂದ್ರೆ ಆಸ್ಪತ್ರೆ ಅಪಾಯಿಂಟ್‌ಮೆಂಟ್ ತಗೊಳ್ಳೋ ಅಜ್ಜಿ ಹಳೇ ಫೋನಲ್ಲಿ ಕಾಯ್ತಾ ಕೂರಬಾರ್ದು. ಈ ಕೆಲ್ಸದ ಬಗ್ಗೆ ನಂಗೆ ಹೆಮ್ಮೆ ಇದೆ.

ಆದ್ರೆ ಅದೇ ಅಭ್ಯಾಸನ ನಾವು ಸ್ನೇಹಕ್ಕೂ ತಂದ್ಬಿಟ್ವಿ. 2006ರಲ್ಲಿ ಏಜಾ ರಾಸ್ಕಿನ್ ಅನ್ನೋ ಡಿಸೈನರ್ ಇನ್‌ಫಿನಿಟ್ ಸ್ಕ್ರೋಲ್, ಅಂದ್ರೆ ಎಳೆದಷ್ಟೂ ಮುಗೀದೇ ಬರ್ತಾನೇ ಇರೋ ಪುಟ, ಮಾಡಿದ್ರು, 'ಮುಂದಿನ ಪುಟ' ಅಂತ ಒತ್ತೋ ತೊಂದ್ರೆ ಜನಕ್ಕೆ ಯಾಕೆ ಅಂತ. ಆಮೇಲೆ ಅದು ಏನೇನಾಯ್ತು ನೋಡಿ ಅವ್ರೇ ಬಹಿರಂಗವಾಗಿ ನೊಂದ್ಕೊಂಡ್ರು. ಆ 'ಮುಂದಿನ ಪುಟ' ಅನ್ನೋ ಕಡೆ ಒಂದು ಸಣ್ಣ ಬಿಡುವಿತ್ತು ನೋಡಿ, ಪಕ್ಕದಲ್ಲಿರೋರ ಮುಖ ನೋಡೋಕೆ ಸಿಗ್ತಿದ್ದ ಬಿಡುವು. ಅದು ಹೋಯ್ತು. ನನ್ನ ಮಾತು ಇವತ್ತು ಇಷ್ಟೇ, ಬೇರೆ ಬೇರೆ ಥರ ಹೇಳ್ತೀನಿ, ಸಹಿಸ್ಕೊಳ್ಳಿ. ಜನ ಜನಕ್ಕೆ ಪರಿಚಯ ಆಗೋದು ಕಾಯೋ ಹೊತ್ತಲ್ಲಿ.

ಈಗ ಲೀಗ್ ಹೇಗೆ ನಡ್ಯತ್ತೆ ಹೇಳ್ತೀನಿ. ಸೆಪ್ಟೆಂಬರಲ್ಲಿ ಶುರುವಾದ್ರೆ ಏಪ್ರಿಲ್ ಹತ್ರ ಮುಗ್ಯತ್ತೆ, ವಾರಕ್ಕೊಂದು ರಾತ್ರಿ, ಹೊರಗೆ ಹಿಮ ಸುರೀತಿದ್ರೂ ಸರಿ. ನಮ್ದು ನಾಲ್ಕು ಜನದ ಟೀಮು, ಎದುರು ಟೀಮಿಂದ ನಾಲ್ಕು ಜನ, ಅಕ್ಕಪಕ್ಕದ ಎರಡು ಲೇನ್, ಅಂದ್ರೆ ಬಾಲ್ ಉರುಳಿಸೋ ಉದ್ದನೆ ಹಾಸು, ಹಂಚ್ಕೊಂಡು ಒಂದು ಫ್ರೇಮ್, ಅಂದ್ರೆ ಒಂದು ಸರದಿ, ಇದರಲ್ಲಿ, ಇನ್ನೊಂದು ಫ್ರೇಮ್ ಅದರಲ್ಲಿ ಅಂತ ಆಡ್ತೀವಿ. ನಿಮ್ಮ ಸರದಿ ಬಂದಾಗ, ಕೊನೇ ಫ್ರೇಮ್ ಬಿಟ್ರೆ, ಹೆಚ್ಚು ಅಂದ್ರೆ ಎರಡು ಸಲ ಬಾಲ್ ಬಿಡ್ತೀರ, ಅರ್ಧ ನಿಮಿಷದ ಕೆಲ್ಸ. ಆಮೇಲೆ ಮಿಕ್ಕೋರೆಲ್ಲ ಆಡೋ ತನಕ ಸುಮ್ನೆ ಕೂತಿರ್ಬೇಕು. ಮೂರು ಗೇಮ್ ಮುಗಿಯೋ ಹೊತ್ತಿಗೆ ಎರಡೂವರೆ ಗಂಟೆ ಆಗತ್ತೆ, ಅದರಲ್ಲಿ ನೀವು ಆಡಿದ್ದು ಎಷ್ಟು ಅಂತ ಲೆಕ್ಕ ಹಾಕಿ, ಏನೂ ಇಲ್ಲ. ನಮ್ ಕಸುಬಿನ ಕಣ್ಣಲ್ಲಿ ನೋಡಿದ್ರೆ ಇದಕ್ಕಿಂತ ಕೆಟ್ಟ ಡಿಸೈನ್ ಇರೋಕಿಲ್ಲ! ಯಾರಾದ್ರೂ ಪ್ರಾಡಕ್ಟ್ ಮ್ಯಾನೇಜರ್ ಕೈಗೆ ಕೊಟ್ರೆ ಮೊದಲನೇ ವಾರದಲ್ಲೇ ಈ ಕಾಯೋದನ್ನ ತೆಗ್ದು ಎಂಟು ಜನಕ್ಕೆ ಎಂಟು ಲೇನ್ ಕೊಟ್ಟು ಇಪ್ಪತ್ತೈದು ನಿಮಿಷಕ್ಕೆ ಮನೆಗೆ ಕಳಿಸ್ತಾರೆ.

ಕಾಯೋವಾಗ ಸುಮ್ನೆ ಕೂರ್ತೀವಾ? ಇಲ್ಲ. ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ಇದು ಆಡದೇ ಇರೋರಿಗೆ ಗೊತ್ತಾಗಲ್ಲ. ಲೇನ್ ಮೇಲೆ ಎಣ್ಣೆ ಇರತ್ತೆ. ಫೌಲ್ ಲೈನಿಂದ, ಅಂದ್ರೆ ಬಾಲ್ ಬಿಡೋವಾಗ ದಾಟಬಾರ್ದ ಗೆರೆಯಿಂದ, ಮೊದಲನೇ ಪಿನ್ನಿಗೆ 60 ಅಡಿ, ಸಾಮಾನ್ಯವಾಗಿ ಅದರಲ್ಲಿ ಮೊದಲ ಮೂರನೇ ಎರಡು ಭಾಗಕ್ಕೆ ಮೆಷಿನ್ನಿಂದ ತೆಳ್ಳಗೆ ಎಣ್ಣೆ ಸವರಿರ್ತಾರೆ, ನಡುವೆ ಜಾಸ್ತಿ, ಅಂಚಿಗೆ ಕಮ್ಮಿ, ಬರಿಗಣ್ಣಿಗೆ ಏನೂ ಕಾಣ್ಸಲ್ಲ. ಎಣ್ಣೆ ಇರೋ ಕಡೆ ಬಾಲ್ ಜಾರತ್ತೆ, ಒಣಗಿರೋ ಕಡೆ ಹಿಡ್ಕೊಂಡು ತಿರುಗತ್ತೆ. ಪ್ರತಿ ಬಾಲೂ ಸ್ವಲ್ಪ ಸ್ವಲ್ಪ ಎಣ್ಣೆ ಎತ್ಕೊಂಡು ಬರತ್ತೆ, ಅಂದ್ರೆ ಏಳು ಗಂಟೆಗಿದ್ದ ಲೇನ್ ಎಂಟೂವರೆಗೆ ಇರಲ್ಲ. ಅದನ್ನ ತಿಳ್ಕೊಳ್ಳೋದು ಹೇಗೆ? ಬಾಲ್ ವಾಪಸ್ ಬಂದಾಗ ಅದರ ಮೈಮೇಲೆ ಉಂಗುರ ಉಂಗುರವಾಗಿ ಎಣ್ಣೆ ಗೆರೆ ಇರತ್ತೆ, ಅದನ್ನ ಟವೆಲಲ್ಲಿ ಒರೆಸೋ ಮುಂಚೆ ಬೆಳಕಿಗೆ ಹಿಡಿದು ನೋಡ್ಬೇಕು. ಇನ್ನೊಂದು ದಾರಿ, ಬೇರೆಯವ್ರ ಬಾಲ್ ನೋಡೋದು, ಅವ್ರನ್ನ ಕೇಳೋದು. ನಮ್ ಟೀಮಲ್ಲಿ ಒಬ್ರು ಹಿರಿಯರಿದಾರೆ, ಕಾರ್ ಫ್ಯಾಕ್ಟರಿಗೆ ಟೂಲ್ ಅಂಡ್ ಡೈ, ಅಂದ್ರೆ ಉಪಕರಣ ಅಚ್ಚು ಎಲ್ಲ, ಮಾಡಿ ರಿಟೈರ್ ಆದವ್ರು, ಅವ್ರು ನನ್ನ ಬಾಲ್ ಎಡಕ್ಕೆ ಬೇಗ ಎಳ್ಕೊಳ್ಳೋದು ನೋಡಿ ಕೂತಲ್ಲಿಂದನೇ 'ಎರಡು ಬೋರ್ಡ್ ಎಡಕ್ಕೆ ನಿಂತ್ಕೊ' ಅಂತ ಎರಡು ಬೆರಳು ತೋರಿಸ್ತಾರೆ. ಲೇನಲ್ಲಿ ಉದ್ದುದ್ದ ಪಟ್ಟಿಗಳು 39, ಅದನ್ನೇ ಬೋರ್ಡ್ ಅನ್ನೋದು. ಅವ್ರು ಹೇಳಿದ ಹಾಗೆ ಎರಡು ಬೋರ್ಡ್ ಸರಿದ್ರೆ ಬಾಲ್ ಸೀದಾ ಹೋಗಿ ಪಾಕೆಟ್‌ಗೆ, ಅಂದ್ರೆ ಮುಂದಿನ ಪಿನ್ನಿಗೂ ಅದರ ಪಕ್ಕದ ಪಿನ್ನಿಗೂ ನಡುವಿನ ಸಂದಿಗೆ, ಕೂರತ್ತೆ. ಈ ಮಾಹಿತಿ ಯಾವ ಸ್ಕ್ರೀನಲ್ಲೂ ಬರಲ್ಲ. ಪಕ್ಕದಲ್ಲಿ ಕೂತು ನಿಮ್ಮ ಸರದಿಯಲ್ಲೂ ಕಣ್ಣಿಟ್ಟು ನೋಡಿರೋ ಮನುಷ್ಯನ ಹತ್ರ ಮಾತ್ರ ಇರತ್ತೆ. ಎರಡು ಬೋರ್ಡಿಂದ ಶುರುವಾದ ಮಾತು ಅವ್ರ ಮನೆಯವ್ರ ಮಂಡಿ ಆಪರೇಶನ್‌ವರೆಗೆ ಹೋಗತ್ತೆ, ನನ್ ಮಗಳ ಕಾಲೇಜ್‌ವರೆಗೆ ಬರತ್ತೆ.

ಇನ್ನೊಂದು, ಹ್ಯಾಂಡಿಕ್ಯಾಪ್. ಆವರೇಜ್, ಅಂದ್ರೆ ಒಂದು ಗೇಮಿನ ಸರಾಸರಿ ಸ್ಕೋರ್, ಕಮ್ಮಿ ಇರೋರಿಗೆ ಒಂದಷ್ಟು ಪಾಯಿಂಟ್ ಮೊದಲೇ ಸೇರಿಸಿ ಕೊಡ್ತಾರೆ, ಅದಕ್ಕೇ 210 ಆಡೋನೂ 130 ಆಡೋಳೂ ಒಂದೇ ಟೇಬಲಲ್ಲಿ ಕೂತು ಒಬ್ರಿಗೊಬ್ರು ಬೇಕಾಗ್ತಾರೆ. ಆನ್‌ಲೈನ್ ಫೀಡ್ ಮಾಡೋದು ಇದರ ಉಲ್ಟಾ. ನಿಮ್ ಥರದೋರನ್ನೇ ಹುಡುಕಿ ಹುಡುಕಿ ನಿಮ್ ಮುಂದೆ ತಂದಿಡತ್ತೆ.

ಈಗ ಪಟ್ನಮ್ ವಿಷ್ಯಕ್ಕೆ ಬರ್ತೀನಿ, ಇಲ್ಲಿ ಓದ್ಕೊಂಡೋರು ಬಹಳ ಜನ ಇದೀರ, ಗೊತ್ತಿರತ್ತೆ. ಹಾರ್ವರ್ಡಿನ ಪ್ರೊಫೆಸರ್ ರಾಬರ್ಟ್ ಪಟ್ನಮ್, ಅಮೆರಿಕದಲ್ಲಿ ಜನ ಸೇರೋದು ಕಮ್ಮಿ ಆಗ್ತಿದೆ ಅಂತ 1995ರಲ್ಲಿ ಬರೆದ್ರು. 1980ರಿಂದ 1993ರ ಒಳಗೆ ಅಮೆರಿಕದಲ್ಲಿ ಬೌಲಿಂಗ್ ಆಡೋರು ಶೇಕಡಾ 10 ಹೆಚ್ಚಾದ್ರು, ಲೀಗಲ್ಲಿ ಆಡೋದು ಶೇಕಡಾ 40 ಕಮ್ಮಿ ಆಯ್ತು ಅಂತ. ಲೀಗ್‌ನೋರು ಒಬ್ಬೊಬ್ರೇ ಬರೋರಿಗಿಂತ ಮೂರು ಪಟ್ಟು ಬಿಯರ್ರು ಪಿಜ್ಜಾ ತಗೋತಾರೆ, ಹಾಗಾಗಿ ಲೇನ್ ಓನರ್‌ಗಳ ಹೊಟ್ಟೆಗೂ ಹೊಡೆತ ಬಿತ್ತು ಅಂತಾನೂ ಬರೆದಿದಾರೆ. ಇಸವಿ ನೋಡಿ ಸ್ವಲ್ಪ. 1993. ಮನೆಮನೆಗೆ ಇಂಟರ್ನೆಟ್ ಬಂದೇ ಇರ್ಲಿಲ್ಲ. ಎಲ್ಲಾ ಫೋನಿಂದಲೇ ಹಾಳಾಯ್ತು ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ಟಿವಿ ಆಗಲೇ ಜನರನ್ನ ಮನೆ ಒಳಗೆ ಕೂರಿಸಿತ್ತು. ನಾವು ವೆಬ್‌ನೋರು ಬಂದು ಆ ಖಾಲಿ ಜಾಗಕ್ಕೆ ತುಂಬ್ಕೊಂಡ್ವಿ.

ಅವ್ರು ಆಮೇಲೆ ಪುಸ್ತಕದಲ್ಲಿ ಹೇಳೋ ಒಂದು ಘಟನೆ ಇದೆ, ನಮ್ ಪಕ್ಕದ ಇಪ್ಸಿಲಾಂಟಿಯಲ್ಲೇ ನಡ್ದಿದ್ದು, ಆ ಕಡೆ ಹೋದಾಗೆಲ್ಲ ನಂಗೆ ಅದೇ ನೆನಪಾಗತ್ತೆ. ಅಲ್ಲಿನ ಇಪ್ಸಿ ಆರ್ಬರ್ ಲೇನ್ಸಲ್ಲಿ ಒಂದು ಲೀಗ್. ಅದರಲ್ಲಿ ಒಬ್ರು 64 ವರ್ಷದವ್ರು, ಮಿಷಿಗನ್ ಯೂನಿವರ್ಸಿಟಿ ಆಸ್ಪತ್ರೇಲಿ ಕೆಲ್ಸ ಮಾಡಿ ನಿವೃತ್ತರಾದವ್ರು, ಕಪ್ಪು ಜನಾಂಗದವ್ರು. ಇನ್ನೊಬ್ಬ 33 ವರ್ಷದ ಬಿಳಿಯ ಹುಡುಗ, ಅಕೌಂಟೆಂಟು. ಲೀಗ್ ಬಿಟ್ರೆ ಇಬ್ರಿಗೂ ಬೇರೆ ಪರಿಚಯ ಇಲ್ಲ. ದೊಡ್ಡವ್ರಿಗೆ ಕಿಡ್ನಿ ಹೋಗಿದೆ, ಮೂರು ವರ್ಷದಿಂದ ವೇಯ್ಟಿಂಗ್ ಲಿಸ್ಟಲ್ಲಿದಾರೆ. ಈ ಹುಡುಗನಿಗೆ ಅದು ಹೀಗೇ ಮಾತಲ್ಲಿ ಕಿವಿಗೆ ಬಿತ್ತು. ಹೋಗಿ, ನನ್ ಕಿಡ್ನಿ ಒಂದು ಕೊಡ್ತೀನಿ ಅಂದ. 1997ರಲ್ಲಿ ಕೊಟ್ಟೇಬಿಟ್ಟ.

ಯೋಚ್ನೆ ಮಾಡಿ. ಇವತ್ತು ಫೇಸ್‌ಬುಕ್‌ನಲ್ಲಿ ಪೋಸ್ಟ್ ಹಾಕಿ ಕಿಡ್ನಿ ಸಿಕ್ಕಿರೋರೂ ಇದಾರೆ, ಅದನ್ನ ನಾನು ಅಲ್ಲಗಳೆಯಲ್ಲ, ಆ ಬಟನ್ ಕೆಲ್ಸ ಮಾಡೋ ಹಾಗೆ ಬರೆದ ಪ್ರೋಗ್ರಾಮರಿಗೆ ಕೈ ಮುಗೀತೀನಿ. ಆದ್ರೆ ಅಲ್ಲಿ ಕಾಯಿಲೆ ಇರೋನೇ ಕೇಳ್ಬೇಕು, ತನ್ನ ಕಷ್ಟನ ಬರ್ದು ಫೋಟೋ ಹಾಕಿ ಎಲ್ರ ಮುಂದೆ ಕೈ ಚಾಚ್ಬೇಕು. ನಮ್ಮಂಥೋರು ಎಷ್ಟು ಜನ ಹಾಗೆ ಕೇಳ್ತೀವಿ? ನಮ್ ಅಪ್ಪ ಅಮ್ಮಂದಿರು ಕೇಳ್ತಾರಾ? ಆ ಲೇನಲ್ಲಿ ಅವ್ರು ಆ ಹುಡುಗನ್ನ ಕೇಳ್ಲೇ ಇಲ್ಲ. ಅವನಿಗೆ ಗೊತ್ತಾಯ್ತು ಅಷ್ಟೇ. ವಾರವಾರ ಒಂದೇ ಜಾಗದಲ್ಲಿ ಸರದಿ ಕಾಯ್ತಾ ಕೂತಿರೋ ಜನಕ್ಕೆ ಗೊತ್ತಾಗ್ದೇ ಇರೋಕೆ ಸಾಧ್ಯನೇ ಇಲ್ಲ. ಮುಖ ಬಾಡಿದ್ರೆ ಗೊತ್ತಾಗತ್ತೆ, ಎರಡು ವಾರ ಬರ್ದಿದ್ರೆ ಗೊತ್ತಾಗತ್ತೆ, ಊಟ ಬೇಡ ಅಂದ್ರೆ ಗೊತ್ತಾಗತ್ತೆ. ಜೂಮಲ್ಲಿ ವಿಡಿಯೋ ಆಫ್ ಮಾಡ್ಕೊಂಡಿರೋರ ಬಗ್ಗೆ ಏನು ಗೊತ್ತಾಗತ್ತೆ ಹೇಳಿ. ಹಾಲ್ ಬಾಡಿಗೆ ಅಂತ ನಾವು ಕೊಡೋದು ಇದಕ್ಕೇ.

ಎಷ್ಟು ನಿಮಿಷ ಇದೆ? ಹತ್ತಾ? ಸರಿ, ಆನ್‌ಲೈನ್ ಮೀಡಿಯಾ ಬಗ್ಗೆ ಬಹಳ ಬರ್ಕೊಂಡು ಬಂದಿದ್ದೆ, ಒಂದೆರಡು ಹೇಳ್ತೀನಿ.

ಎಬಿಸಿ ಚಾನೆಲಲ್ಲಿ 1962ರಿಂದ 1997ರವರೆಗೆ ಶನಿವಾರ ಮಧ್ಯಾಹ್ನ ಪ್ರೊಫೆಷನಲ್ ಬೌಲಿಂಗ್ ಬರ್ತಿತ್ತು. ಅದು ನಿಂತು ಮೂರು ವರ್ಷಕ್ಕೆ, 2000ದಲ್ಲಿ, ಸೊರಗಿ ಹೋಗಿದ್ದ ಪ್ರೊಫೆಷನಲ್ ಬೌಲರ್‌ಗಳ ಸಂಘನ ಕೊಂಡ್ಕೊಂಡಿದ್ದು ಯಾರು ಗೊತ್ತಾ? ನಮ್ ಕಸುಬಿನೋರೇ. ಮೈಕ್ರೋಸಾಫ್ಟಲ್ಲಿದ್ದ ಕ್ರಿಸ್ ಪೀಟರ್ಸ್, ಮೈಕ್ ಸ್ಲೇಡ್, ಇನ್ನೊಬ್ರು ರಿಯಲ್‌ನೆಟ್‌ವರ್ಕ್ಸಿನ ರಾಬ್ ಗ್ಲೇಸರ್. ರಿಯಲ್‌ಪ್ಲೇಯರ್ ನೆನಪಿದ್ಯಾ? ಸೈಬರ್ ಕೆಫೇಲಿ ಕೂತು ಒಂದು ಹಾಡು ಕೇಳೋಕೆ ಬಫರಿಂಗ್ ಬಫರಿಂಗ್ ಅಂತ ನೋಡ್ತಿದ್ವಲ್ಲ, ಆಗ ಪಕ್ಕದ ಸೀಟಿನೋನ ಹತ್ರ ಎಷ್ಟು ಮಾತಾಡ್ತಿದ್ವಿ! ಅದನ್ನ ಮಾಡಿದ ಕಂಪನಿಯೋರು ಈ ಗ್ಲೇಸರ್.

ಇನ್ನೊಂದು, 7-10 ಸ್ಪ್ಲಿಟ್. ಹಿಂದಿನ ಸಾಲಿನ ಎರಡು ತುದೀಲಿ ಒಂದೊಂದು ಪಿನ್ ಉಳಿಯೋದು, ಒಂದೇ ಬಾಲಲ್ಲಿ ಎರಡೂ ಬೀಳಿಸ್ಬೇಕು. ಪ್ರೊಫೆಷನಲ್ ಟೂರಿನ ಟಿವಿ ಪಂದ್ಯದಲ್ಲಿ ಮೊದಲು ಮಾಡಿದ್ದು ಮಾರ್ಕ್ ರಾತ್, 1980ರಲ್ಲಿ. 1991ರಲ್ಲಿ ಇಬ್ರು ಮಾಡಿದ್ರು. ಆಮೇಲೆ 30 ವರ್ಷ ಯಾರೂ ಇಲ್ಲ. 2021ರಲ್ಲಿ ಆಂಥನಿ ನ್ಯೂಯರ್ ಅನ್ನೋ 18 ವರ್ಷದ ಹುಡುಗ ಯುಎಸ್ ಓಪನ್‌ನಲ್ಲಿ ಬೀಳಿಸ್ದ, ಆ ಕ್ಲಿಪ್ ಲೋಕವೆಲ್ಲ ಸುತ್ತಿತು, ಬೌಲಿಂಗ್ ಗೊತ್ತಿಲ್ದೇ ಇರೋ ನಮ್ ಮೈಸೂರಿನ ಕಸಿನ್ ಕೂಡ ನಂಗೆ ಫಾರ್ವರ್ಡ್ ಮಾಡಿದ. ಆ ಪಂದ್ಯ ಆ ಹುಡುಗ ಸೋತ ಅನ್ನೋದು ಅವನಿಗೆ ಗೊತ್ತಿಲ್ಲ. ಕ್ಲಿಪ್ಪಲ್ಲಿ ಅದು ಇಲ್ವಲ್ಲ. ಕಾಯೋ ಭಾಗ ಎಲ್ಲಾ ಕತ್ತರಿಸಿ ಬಾಲ್ ಬಿಡೋ ಕ್ಷಣ ಮಾತ್ರ ಇಟ್ರೆ ಹಿಂಗೇ ಆಗೋದು, ಚೆನ್ನಾಗಿರತ್ತೆ, ಆದ್ರೆ ಆ ಹುಡುಗ ಯಾರು, ಏನಾದ ಅಂತ ಉಳಿಯಲ್ಲ. ಸಂಘದ ಕಾರ್ಯಕ್ರಮದ ರೀಲ್ಸ್ ಹಾಕಿ, ನಾನೇ ಎಡಿಟ್ ಮಾಡ್ಕೊಡ್ತೀನಿ, ಆದ್ರೆ ರೀಲ್ಸೇ ಕಾರ್ಯಕ್ರಮ ಆಗೋದು ಬೇಡ.

ಮೆಷಿನ್ ಬಗ್ಗೆ ಬೇಗ ಹೇಳ್ಬಿಡ್ತೀನಿ. ಮುಂಚೆ ಪಿನ್ ನಿಲ್ಲಿಸೋಕೆ ಹುಡುಗ್ರು ಹಿಂದೆ ಗುಂಡೀಲಿ ಕೂತಿರ್ತಿದ್ರು, ರಾತ್ರಿ ಹೊತ್ತು, ಬಿದ್ದ ಪಿನ್ ಕಾಲಿಗೆ ಹೊಡೀತಿತ್ತು. ಆಟೋಮ್ಯಾಟಿಕ್ ಪಿನ್‌ಸ್ಪಾಟರ್ 1950ರ ದಶಕದ ಶುರುವಲ್ಲಿ ಬಂತು, ಮೊದಮೊದಲು ಹಾಕಿದ್ದು ಇಲ್ಲೇ ಮೌಂಟ್ ಕ್ಲೆಮೆನ್ಸಲ್ಲಿ. ಒಳ್ಳೇ ಟೆಕ್ನಾಲಜಿ ಅಂದ್ರೆ ಅದು, ಮಕ್ಕಳ ಕಾಲು ಉಳಿಸ್ತು, ಕೂತ್ಕೊಂಡು ಮಾತಾಡೋದನ್ನ ಮುಟ್ಲಿಲ್ಲ. ಈಗ ಪಿನ್ನಿನ ತಲೆಗೆ ದಾರ ಕಟ್ಟಿ ಎತ್ತೋ ಸ್ಟ್ರಿಂಗ್ ಮೆಷಿನ್ ಬರ್ತಿದೆ, ರಿಪೇರಿ ಖರ್ಚು ಕಮ್ಮಿ. ಪಿನ್ ಬೀಳೋ ರೀತಿ ಬೇರೆ ಆಗತ್ತೆ ಅಂತ ಇಲ್ಲಿನ ಬೌಲಿಂಗ್ ಕಾಂಗ್ರೆಸ್, ಅಂದ್ರೆ ಆಟದ ನಿಯಮ ಮಾಡೋ ಸಂಸ್ಥೆ, 2023ರಲ್ಲಿ ಅದನ್ನ ಬೇರೆ ವಿಭಾಗವಾಗೇ ಮಾನ್ಯ ಮಾಡ್ತು. ಹಳೇ ಆಟಗಾರರಿಗೆ ಸಿಟ್ಟಿದೆ. ನಂಗಿಲ್ಲ. ಸಣ್ಣ ಊರಿನ ಲೇನ್ ಮುಚ್ಚೋದಕ್ಕಿಂತ ದಾರ ಕಟ್ಕೊಂಡಾದ್ರೂ ತೆರೆದಿರ್ಲಿ, ಜನ ಸೇರ್ಲಿ. ನಮಗೂ ಇದೇ ಲೆಕ್ಕ. ಈ ಹಾಲ್ ದುಬಾರಿ ಆದ್ರೆ ಲೈಬ್ರರಿಯ ರೂಮ್ ಕೇಳೋಣ, ಯಾರದ್ದಾದ್ರೂ ಬೇಸ್‌ಮೆಂಟ್ ಆಗ್ಲಿ, ಊಟ ಪಾಟ್‌ಲಕ್, ಅಂದ್ರೆ ಒಬ್ಬೊಬ್ರು ಒಂದೊಂದು ಅಡುಗೆ ತರೋ ಹಾಗೆ, ಮಾಡೋಣ. ಹುಷಾರಿಲ್ದೇ ಇರೋರಿಗೆ, ಹಿಮದಲ್ಲಿ ಡ್ರೈವ್ ಮಾಡೋಕಾಗ್ದೇ ಇರೋ ಹಿರಿಯರಿಗೆ ಜೂಮ್ ಲಿಂಕೂ ಇರ್ಲಿ, ಕ್ಯಾಮೆರಾ ಜೋಡಿಸೋ ಕೆಲ್ಸ ನಂದು.

ಎಐ ವಿಷ್ಯ, ಒಂದೇ ಮಾತು. ಬೌಲಿಂಗ್ ಸ್ಕೋರ್ ಲೆಕ್ಕ ಹಾಕೋ ಪ್ರೋಗ್ರಾಮ್ ಬರೆಯೋದು ನಮ್ ಕಸುಬಲ್ಲಿ ಪ್ರಸಿದ್ಧವಾದ ಅಭ್ಯಾಸ, ಸ್ಟ್ರೈಕ್ ಬಿದ್ರೆ, ಅಂದ್ರೆ ಮೊದಲನೇ ಬಾಲಿಗೇ ಹತ್ತೂ ಪಿನ್ ಬಿದ್ರೆ, ಮುಂದಿನ ಎರಡು ಬಾಲ್ ನೋಡೋ ತನಕ ಆ ಫ್ರೇಮಿನ ಸ್ಕೋರ್ ಬರೆಯೋಕಾಗಲ್ಲ, ಆ ತಿರುವು ಹುಡುಗ್ರಿಗೆ ಒಳ್ಳೇ ಪಾಠ. ಎಐ ಅದನ್ನ ಕ್ಷಣದಲ್ಲಿ ಬರೆದ್ಕೊಡತ್ತೆ. ನಿಮ್ ಮಕ್ಕಳಿಗೆ ಹೇಳಿ, ಒಂದ್ಸಲ ಪೆನ್ಸಿಲ್ ಹಿಡಿದು ಕಾಗದದ ಮೇಲೆ ಸ್ಕೋರ್ ಹಾಕಿ, ಆಮೇಲೆ ತಾವೇ ಬರೀಲಿ, ಆಮೇಲೆ ಬೇಕಾದ್ರೆ ಎಐನ ಕೇಳ್ಲಿ. ಉಳಿದ ಪ್ರಶ್ನೆ ಊಟದ ಹೊತ್ತಲ್ಲಿ ಕೇಳಿ, ಕ್ಯೂ ಉದ್ದ ಇರತ್ತೆ, ನಿಧಾನವಾಗಿ ಮಾತಾಡೋಣ.

ಈಗ ಕಾರ್ಯದರ್ಶಿಯವ್ರು ಓಟಿಗೆ ಕರೀತಾರೆ. ಸಭೆ ಹೀಗೇ ಎದುರುಬದುರು ಮುಂದುವರೀಲಿ ಅನ್ನೋರು ದಯವಿಟ್ಟು ಕೈ ಎತ್ತಿ, ಊಟಕ್ಕೆ ಮುಂಚೆ ಹೊರಟೋಗ್ಬೇಡಿ. ಹಾಗೇ ಸೆಪ್ಟೆಂಬರ್ ಲೀಗಿಗೆ ಒಂದು ಕನ್ನಡ ಟೀಮ್ ಮಾಡ್ಬೇಕು ಅಂತಿದೀನಿ, ನಾಲ್ಕು ಜನ ಸಾಕು, ಬಾಲ್ ಶೂ ಎಲ್ಲಾ ಅಲ್ಲೇ ಸಿಗತ್ತೆ, ಆವರೇಜ್ ಎಷ್ಟಿದ್ರೂ ಹ್ಯಾಂಡಿಕ್ಯಾಪ್ ಇದೆ. ಬರೋರು ಹೆಸರು ಮತ್ತೆ ಶೂ ಸೈಜ್ ಬರೆದು ಬಾಗಿಲ ಹತ್ರ ಇರೋ ಟೇಬಲ್ ಮೇಲೆ ಇಟ್ಟು ಹೋಗಿ.