40 ವ್ಯಾಟಿನ ಬಲ್ಬು

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ಬಲ್ಬಿನಿಂದ ಮಾತು ಶುರು ಮಾಡುತ್ತೇನೆ. 1970ರ ದಶಕದ ಕೊನೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಥೆನ್ಸ್ ಅಂತ ಒಂದು ಕಾಲೇಜು ಊರು. ಗ್ರೀಸ್ ದೇಶದ ಅಥೆನ್ಸಿನಿಂದ ಹೆಸರು ಎರವಲು ಪಡೆದ ಊರದು. ಅಲ್ಲಿನ ಒಂದು ಹಳೇ ಕಟ್ಟಡದ ಮಹಡಿಯಲ್ಲಿ ಪೈಲಾನ್ ಅನ್ನೋ ಬ್ಯಾಂಡಿನ ಹುಡುಗರು ತಾಲೀಮು ಮಾಡುತ್ತಿದ್ದರು. ಎಲ್ಲರೂ ಚಿತ್ರಕಲೆ ಓದಲು ಬಂದವರು. ಆ ಕೋಣೆಗೆ ಬೆಳಕು ಅಂದರೆ ಸೂರಿನಿಂದ ನೇತಾಡುವ ಒಂದೇ ಬಲ್ಬು. ಅಲ್ಲಿ ಒಮ್ಮೆ ಪಾರ್ಟಿ ಇಟ್ಟುಕೊಂಡಾಗ ತಮಾಷೆಗೆ ಆ ಜಾಗಕ್ಕೆ 'ಫಾರ್ಟಿ ವಾಟ್ ಕ್ಲಬ್' ಅಂದರು. ಹೆಸರು ಹಾಗೇ ಅಂಟಿಕೊಂಡಿತು. ಆಮೇಲೆ ಕ್ಲಬ್ಬು ಎಷ್ಟೋ ಸಲ ಮನೆ ಬದಲಿಸಿತು, ಹೆಸರು ಮಾತ್ರ ಬಿಡಲಿಲ್ಲ.

ನಾನು ಹೇಳಹೊರಟಿರುವುದು ಆರ್.ಇ.ಎಂ. ಬ್ಯಾಂಡಿನ ಕಥೆ. ಅವರು ಗಿಟಾರ್ ಹಿಡಿದು ಜನರ ಮುಂದೆ ನಿಲ್ಲುವ ಹೊತ್ತಿಗೆ ಆ ಬಲ್ಬು ಆಗಲೇ ಉರಿಯುತ್ತಿತ್ತು. ಹಚ್ಚಿದವರು ಬೇರೆಯವರು. ಬ್ಯಾಂಡು ದೊಡ್ಡದಾದ ಮೇಲೆ ಈ ಭಾಗವನ್ನು ಹೇಳುವವರು ಕಡಿಮೆ.

ಪೈಲಾನ್‌ಗಿಂತ ಮುಂಚೆ ಬಿ-52ಸ್ ಅನ್ನೋ ಬ್ಯಾಂಡಿನವರು ಇದ್ದರು. ಐದು ಜನ. 1977ರ ಪ್ರೇಮಿಗಳ ದಿನ ಅಥೆನ್ಸಿನ ಒಂದು ಮನೆಯ ಪಾರ್ಟಿಯಲ್ಲಿ ಮೊದಲ ಸಲ ಹಾಡಿದರು. ಅದೇ ವರ್ಷ ನ್ಯೂಯಾರ್ಕಿಗೆ ಹೋಗಿ ಅಲ್ಲಿಯೂ ಹಾಡಿ ಬಂದರು. ಮರುವರ್ಷ ಅಟ್ಲಾಂಟ ನಗರದ ರೆಕಾರ್ಡ್ ಅಂಗಡಿಯವನೊಬ್ಬ ತನ್ನದೇ ಪುಟ್ಟ ಕಂಪನಿ ಮಾಡಿ ಅವರ ಮೊದಲ ರೆಕಾರ್ಡ್ ತಂದ. ಅಷ್ಟಾದ ಮೇಲೆ ಅಥೆನ್ಸಿನ ಹುಡುಗರಿಗೆ ನ್ಯೂಯಾರ್ಕ್ ಅಷ್ಟೇನೂ ದೂರ ಅನ್ನಿಸಲಿಲ್ಲ. ಪಕ್ಕದ ಮನೆಯವರು ಹೋಗಿ ಬಂದಿದ್ದಾರಲ್ಲ, ನಾವೂ ಹೋದರಾಯಿತು!

ಊರಿನ ಹೆಚ್ಚಿನವರಿಗೆ ಇದ್ಯಾವುದೂ ಗೊತ್ತೇ ಇರಲಿಲ್ಲ ಬಿಡಿ. ಅಥೆನ್ಸಿಗೆ ಹಿಡಿದಿದ್ದು ಫುಟ್‌ಬಾಲ್ ಹುಚ್ಚು, ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಅಲ್ಲಿನ ವಿಶ್ವವಿದ್ಯಾಲಯದ ತಂಡ 1980ರ ಸಾಲಿನಲ್ಲಿ ಇಡೀ ದೇಶಕ್ಕೇ ಮೊದಲು ಬಂತು. ಆ ಗದ್ದಲದ ನಡುವೆ ಆರ್.ಇ.ಎಂ.ನ ನಾಲ್ಕು ಹುಡುಗರು ಹಾಡು ಕಟ್ಟುತ್ತಿರುವುದನ್ನು ಯಾರು ಗಮನಿಸುತ್ತಾರೆ? ಒಂದು ಲೆಕ್ಕಕ್ಕೆ ಅದೇ ಒಳ್ಳೆಯದಾಯಿತು. ಯಾರೂ ನೋಡದಿರುವಾಗ ತಪ್ಪು ಮಾಡಿ ಕಲಿಯಬಹುದು.

ಪೀಟರ್ ಬಕ್ ಊರಿನ ಒಂದು ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಳ್ಳೆಯ ರೆಕಾರ್ಡ್ ಬಂದರೆ ತನಗೆ ಅಂತ ಎತ್ತಿಡುತ್ತಿದ್ದ. ಚಿತ್ರಕಲೆ ಓದುತ್ತಿದ್ದ ಒಬ್ಬ ಹುಡುಗ ಬಂದು ಸರಿಯಾಗಿ ಅವನ್ನೇ ಕೇಳುತ್ತಿದ್ದ. ಅವನು ಮೈಕಲ್ ಸ್ಟೈಪ್. ಸ್ನೇಹ ಆಯಿತು. ಇನ್ನಿಬ್ಬರು, ಮೈಕ್ ಮಿಲ್ಸ್ ಮತ್ತು ಬಿಲ್ ಬೆರ್ರಿ, ಮೇಕನ್ ಅನ್ನೋ ಊರಿನಲ್ಲಿ ಶಾಲೆಯಿಂದಲೇ ಜೊತೆಯವರು. ಮೊದಮೊದಲು ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲವಂತೆ. ಮುಂದೆ ಒಬ್ಬ ಬಾಸ್ ಗಿಟಾರ್, ಇನ್ನೊಬ್ಬ ಡ್ರಮ್ಸ್ ಹಿಡಿದು ಎಷ್ಟೋ ವರ್ಷ ಒಟ್ಟಿಗೆ ತಾಳ ಹಿಡಿದರು.

ಮೊದಲ ಕಾರ್ಯಕ್ರಮ 1980ರ ಏಪ್ರಿಲ್ 5ರಂದು. ಜಾಗ ಒಂದು ಹಳೇ ಚರ್ಚು. ಪೂಜೆ ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಮುಂಭಾಗದಲ್ಲಿ ಕೋಣೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಬಕ್, ಸ್ಟೈಪ್ ಅಲ್ಲೇ ಇದ್ದರು. ಅದರ ಒಂದು ಗೋಡೆ ಕಪಾಟಿನಲ್ಲಿ ಕಿಂಡಿ ಇತ್ತು, ಅದರೊಳಗೆ ನುಸುಳಿದರೆ ಹಿಂದಿನ ದೊಡ್ಡ ಹಜಾರ ಸಿಗುತ್ತಿತ್ತು ಅಂತ ಹೇಳುತ್ತಾರೆ. ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಅಂತ ಆ ಹಜಾರದಲ್ಲಿ ಹಾಡಿದರು. ಆಗ ಬ್ಯಾಂಡಿಗೆ ಗಟ್ಟಿಯಾದ ಹೆಸರೂ ಇರಲಿಲ್ಲ. ಆಮೇಲೆ ನಿಘಂಟು ತೆಗೆದು, ಕಣ್ಣಿಗೆ ಬಿದ್ದ ಮೂರು ಅಕ್ಷರ ಇಟ್ಟುಕೊಂಡರು. ಆ ಚರ್ಚನ್ನು ಮುಂದೆ ಕೆಡವಿದರು. ಗೋಪುರವೊಂದು ಉಳಿದಿದೆ.

ಅಲ್ಲಿಂದ ಮುಂದೆ ವ್ಯಾನಿನ ಬದುಕು. ದಕ್ಷಿಣದ ರಾಜ್ಯಗಳಲ್ಲಿ ಯಾರು ಕರೆದರೂ ಹೋಗುವುದು, ಬಾರಿನಲ್ಲೋ ಪಿಜ್ಜಾ ಅಂಗಡಿಯಲ್ಲೋ ಹಾಡುವುದು, ರಾತ್ರೋರಾತ್ರಿ ಹೊರಟು ಮುಂದಿನ ಊರು ಸೇರುವುದು. ಈ ದಿನಗಳನ್ನು ಜನ ರಮ್ಯವಾಗಿ ಬಣ್ಣಿಸುತ್ತಾರೆ. ನನಗೇನೋ ಅದು ಸುಮ್ನೆ ಕಷ್ಟದ ಕೂಲಿ ಕೆಲಸ ಅನ್ನಿಸುತ್ತದೆ. ಆದರೆ ದಿನಾ ಹಾಡಿ ಹಾಡಿ ಕೈ ಪಳಗಿತು.

1981ರಲ್ಲಿ ಮೊದಲ ರೆಕಾರ್ಡ್. ಹಾಡಿನ ಹೆಸರು 'ರೇಡಿಯೋ ಫ್ರೀ ಯೂರೋಪ್'. ಶೀತಲ ಸಮರದ ಕಾಲದಲ್ಲಿ ಅಮೆರಿಕ ಪೂರ್ವ ಯೂರೋಪಿನ ಕಡೆ ಬಿತ್ತರಿಸುತ್ತಿದ್ದ ರೇಡಿಯೋ ಕೇಂದ್ರದ ಹೆಸರದು. ಧ್ವನಿಮುದ್ರಣ ನಡೆದದ್ದು ನಾರ್ತ್ ಕ್ಯಾರೊಲೈನಾದಲ್ಲಿ, ಮಿಚ್ ಈಸ್ಟರ್ ತನ್ನ ಅಪ್ಪ ಅಮ್ಮನ ಮನೆಯ ಗ್ಯಾರೇಜಿನಲ್ಲಿ ಮಾಡಿಕೊಂಡಿದ್ದ ಸ್ಟುಡಿಯೋದಲ್ಲಿ. ರೆಕಾರ್ಡ್ ತಂದಿದ್ದು ಹಿಬ್‌ಟೋನ್ ಅನ್ನೋ ಸಣ್ಣ ಕಂಪನಿ. ಮೊದಲ ಸಲ ಒತ್ತಿಸಿದ್ದು 1,000 ಪ್ರತಿ. ಅದರಲ್ಲಿ 600 ಪ್ರಚಾರಕ್ಕೆ ಅಂತ ಪುಕ್ಕಟೆ ಹಂಚಲಿಕ್ಕೇ ಹೋಯಿತು. ತಮಾಷೆ ಕೇಳಿ: ಮೊದಲ ಕಂತಿನ ರೆಕಾರ್ಡಿನ ಮೇಲೆ ಕಂಪನಿಯ ವಿಳಾಸವನ್ನೇ ಅಚ್ಚು ಹಾಕಿಸಿರಲಿಲ್ಲ! ಯಾರಿಗಾದರೂ ಹಾಡು ಇಷ್ಟವಾದರೆ ಇನ್ನೊಂದು ಪ್ರತಿ ಬೇಕು ಅಂತ ಎಲ್ಲಿಗೆ ಬರೆಯಬೇಕು? ಬಕ್‌ಗಂತೂ ರೆಕಾರ್ಡಿನ ಸದ್ದೇ ಹಿಡಿಸಲಿಲ್ಲ. ಒಂದು ಪ್ರತಿಯನ್ನು ಒಡೆದು, ಚೂರುಗಳನ್ನು ಗೋಡೆಗೆ ಅಂಟಿಸಿಬಿಟ್ಟ.

ಇಷ್ಟೆಲ್ಲ ಎಡವಟ್ಟು ಆದರೂ ಆ ವರ್ಷದ ಹತ್ತು ಒಳ್ಳೆಯ ಸಿಂಗಲ್‌ಗಳಲ್ಲಿ, ಅಂದರೆ ಒಂದೆರಡು ಹಾಡಿನ ಪುಟ್ಟ ರೆಕಾರ್ಡುಗಳಲ್ಲಿ, ಇದೂ ಒಂದು ಅಂತ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಅದು ಅಲ್ಲಿಯವರೆಗೆ ಹೋದದ್ದು ಹೇಗೆ?

ಇಲ್ಲಿ ರೇಡಿಯೋದವರಾದ ನಮ್ಮ ಕಿವಿ ನೆಟ್ಟಗಾಗಬೇಕು. ಅಮೆರಿಕದಲ್ಲಿ ಎಫ್‌ಎಂ ಮುಳ್ಳನ್ನು ಎಡತುದಿಗೆ ತಂದರೆ, 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಜಾಗ ಜಾಹೀರಾತಿಲ್ಲದ ಕೇಂದ್ರಗಳಿಗೆ ಮೀಸಲು. ಕಾಲೇಜು ಕೇಂದ್ರಗಳು ಹೆಚ್ಚಾಗಿ ಅಲ್ಲೇ ಇರುತ್ತವೆ. ನಡೆಸುವವರು ವಿದ್ಯಾರ್ಥಿಗಳು. ಎಷ್ಟೋ ಕೇಂದ್ರಗಳ ಶಕ್ತಿ ಊರಾಚೆ ಕೇಳಿಸದಷ್ಟು ಕಡಿಮೆ. ದೊಡ್ಡ ಕೇಂದ್ರಗಳಲ್ಲಿ ಯಾವ ಹಾಡು ಎಷ್ಟು ಸಲ ಅಂತ ಮೇಲಿನವರು ಪಟ್ಟಿ ಕೊಡುತ್ತಿದ್ದರು. ಇಲ್ಲಿ ನಡುರಾತ್ರಿ ಮೈಕಿನ ಮುಂದೆ ಕೂತ ಹುಡುಗಿಗೆ ಇಷ್ಟವಾದರೆ ಸಾಕು, ಒಂದೇ ಹಾಡನ್ನು ಎರಡು ಸಲ ಹಾಕಿದರೂ ಬೇಡ ಅನ್ನುವವರಿಲ್ಲ. ಒಂದು ಊರಿನ ಕಾಲೇಜಿನಲ್ಲಿ ಹಾಡು ಓಡಿತು ಅಂದರೆ ಬ್ಯಾಂಡಿಗೆ ಅಲ್ಲಿ ನೂರು ಜನ ಸಿಕ್ಕ ಹಾಗೆ. ವ್ಯಾನು ಆ ಊರಿಗೆ ಹೋಗುತ್ತಿತ್ತು. ಮುಂದಿನ ವರ್ಷ ಇನ್ನೊಂದು ಊರು. ಆರ್.ಇ.ಎಂ. ದೇಶದ ನಕಾಶೆ ತುಂಬಿದ್ದು ಈ ಪುಟ್ಟ ಕೇಂದ್ರಗಳನ್ನು ಒಂದೊಂದಾಗಿ ದಾಟುತ್ತಾ.

1982ರಲ್ಲಿ ಐ.ಆರ್.ಎಸ್. ಅನ್ನೋ ಸ್ವತಂತ್ರ ಕಂಪನಿಯ ಜೊತೆ ಕರಾರಾಯಿತು. ಕಂಪನಿಯವರು ಮೊದಲು ಬೇರೊಬ್ಬ ನಿರ್ಮಾಪಕನನ್ನು ಗೊತ್ತುಮಾಡಿದರು. ಅವನು ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಲು ಹಚ್ಚಿ, ಮೇಲೆ ಸಿಂಥಸೈಜರ್ ಬೇರೆ ಸೇರಿಸಿದ. ಹುಡುಗರಿಗೆ ರೇಗಿತು. ನಮಗೆ ನಮ್ಮ ಗ್ಯಾರೇಜಿನ ಮಿಚ್ಚೇ ಬೇಕು ಅಂತ ಪಟ್ಟು ಹಿಡಿದರು. 1983ರಲ್ಲಿ ಬಂದ ಮೊದಲ ಪೂರ್ಣ ಆಲ್ಬಂ 'ಮರ್ಮರ್' ಅವನ ಮತ್ತು ಡಾನ್ ಡಿಕ್ಸನ್ ಕೈಯಲ್ಲಿ ಆದದ್ದು. ಮುಖಪುಟದಲ್ಲಿ ಜಾರ್ಜಿಯಾದ ಬಳ್ಳಿ, ಕಂಡಕಂಡದ್ದನ್ನೆಲ್ಲ ಮುಚ್ಚಿಬಿಡುವ ಕುಡ್ಜು. ಹಿಂಬದಿಯ ಪುಟದಲ್ಲಿ ಅಥೆನ್ಸಿನ ಹಳೇ ರೈಲು ಸೇತುವೆ.

ಸ್ಟೈಪ್ ಹಾಡಿದ್ದು ಅಮೆರಿಕದವರಿಗೂ ಪೂರ್ತಿ ಅರ್ಥವಾಗಲಿಲ್ಲ ಅನ್ನುವುದು ನನಗೆ ದೊಡ್ಡ ಸಮಾಧಾನ. ಮಾತುಗಳನ್ನು ಬಾಯೊಳಗೇ ಇಟ್ಟುಕೊಂಡು ಹಾಡುತ್ತಾನೆ. ಎರಡು ಸಾಲು ಕೇಳಿಸಿತು ಅನ್ನುವಷ್ಟರಲ್ಲಿ ಮೂರನೆಯದು ಗಿಟಾರಿನ ಹಿಂದೆ ಅಡಗಿರುತ್ತದೆ. ಮೊದಲ ಸಲ ನನಗೆ ಸಿಟ್ಟು ಬಂದಿತ್ತು. ಆಮೇಲೆ ಗೊತ್ತಾಯಿತು, ಅರ್ಥ ಹಿಡಿಯಲು ಹೋಗಿ ನಾನು ಅದೇ ಹಾಡನ್ನು ಆರು ಸಲ ಕೇಳಿದ್ದೆ. ರೋಲಿಂಗ್ ಸ್ಟೋನ್ ಪತ್ರಿಕೆ 'ಮರ್ಮರ್' ಅನ್ನೇ ವರ್ಷದ ಆಲ್ಬಂ ಅಂತ ಆರಿಸಿತು. ಅದೇ ವರ್ಷ ಎಲ್ಲರ ಬಾಯಲ್ಲಿದ್ದದ್ದು ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಅನ್ನುವುದನ್ನು ನೆನಪಿಟ್ಟುಕೊಂಡರೆ ಇದು ಎಷ್ಟು ದೊಡ್ಡ ಮಾತು ಅಂತ ತಿಳಿಯುತ್ತದೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. 1988ರಲ್ಲಿ ವಾರ್ನರ್ ಬ್ರದರ್ಸ್ ಅನ್ನೋ ದೊಡ್ಡ ರೆಕಾರ್ಡ್ ಕಂಪನಿಯ ಕರಾರು, 1991ರಲ್ಲಿ ಅಮೆರಿಕ, ಬ್ರಿಟನ್ ಎರಡರಲ್ಲೂ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನ. ಒಂದು ವಿಷಯ ಮಾತ್ರ ಹೇಳಲೇಬೇಕು. ಹಾಡು ಯಾರು ಕಟ್ಟಿದರೂ ಅದರ ಕೆಳಗೆ ನಾಲ್ವರ ಹೆಸರೂ ಇರುತ್ತಿತ್ತು, ದುಡ್ಡೂ ಸಮಪಾಲು. ದುಡ್ಡಿನ ಲೆಕ್ಕಕ್ಕೇ ಎಷ್ಟು ಬ್ಯಾಂಡುಗಳು ಒಡೆದಿಲ್ಲ ಹೇಳಿ! ಇವರು 2011ರವರೆಗೆ ನಡೆದರು. ಅನಾರೋಗ್ಯದ ನಂತರ 1997ರಲ್ಲಿ ಬೆರ್ರಿ ಹೊರಗೆ ಹೋದಾಗಲೂ ಜಗಳವಿಲ್ಲದೆ ಹೋದ.

ಪೈಲಾನ್ ಏನಾಯಿತು? ಮಜಾ ಇರುವವರೆಗೆ ಮಾತ್ರ ಬ್ಯಾಂಡು ಅಂತ ಅವರು ಮೊದಲೇ ಅಂದುಕೊಂಡಿದ್ದರು. 1983ರಲ್ಲಿ, ಇನ್ನೂ ಒಳ್ಳೆಯ ದಿನಗಳಿರುವಾಗಲೇ, ನಿಲ್ಲಿಸಿಬಿಟ್ಟರು. ಪೈಲಾನ್‌ನ ಒಂದು ಹಾಡನ್ನು ಆರ್.ಇ.ಎಂ. ತಾನೂ ಹಾಡಿ ಧ್ವನಿಮುದ್ರಿಸಿಕೊಂಡಿತು. 1987ರಲ್ಲಿ ರೋಲಿಂಗ್ ಸ್ಟೋನ್ ತನ್ನ ಮುಖಪುಟದಲ್ಲಿ ಆರ್.ಇ.ಎಂ. ಅನ್ನು ಅಮೆರಿಕದ ಅತ್ಯುತ್ತಮ ರಾಕ್ ಬ್ಯಾಂಡ್ ಅಂದಾಗ, ಬೆರ್ರಿ ಒಪ್ಪಲಿಲ್ಲವಂತೆ. ಆ ಹೆಸರು ಸಲ್ಲಬೇಕಾದ್ದು ಪೈಲಾನ್‌ಗೆ ಅಂದನಂತೆ. 1989ರಲ್ಲಿ ಪೈಲಾನಿನವರು ಮತ್ತೆ ಒಟ್ಟಾದರು. ಆರ್.ಇ.ಎಂ. ಆಗ ಸಾವಿರಾರು ಜನ ಹಿಡಿಸುವ ಸಭಾಂಗಣಗಳಲ್ಲಿ ಹಾಡುತ್ತಿತ್ತು. ಆ ಪ್ರವಾಸದ ಕೆಲವು ಸಂಜೆಗಳಲ್ಲಿ ದೀಪ ಹತ್ತಿದಾಗ ವೇದಿಕೆಗೆ ಮೊದಲು ಬಂದು ಹಾಡಿದ್ದು ಪೈಲಾನ್.

ನಮಸ್ಕಾರ.